ಪ್ರೊಜೆಕ್ಟರ್ ಪ್ರಶ್ನೋತ್ತರ: ಮೊದಲು ಜಾಗ ನೋಡಿ, ಆಮೇಲೆ ವೈರು

ಪ್ರಶ್ನೆ (ಹೈಸ್ಕೂಲು ವಿಜ್ಞಾನ ಶಿಕ್ಷಕಿ, ಉತ್ತರ ಕನ್ನಡ): ನಮ್ಮ ಶಾಲೆಗೆ ಹಳೆ ವಿದ್ಯಾರ್ಥಿಗಳು ಒಂದು ಪ್ರೊಜೆಕ್ಟರ್ ಕೊಟ್ಟಿದ್ದಾರೆ. ಬಳಸಿದ್ದೇ, ಆದರೆ ಸುಸ್ಥಿತಿಯಲ್ಲಿದೆ. 1024 × 768 ಚುಕ್ಕೆ, ಬೆಳಕು 3000 ಲ್ಯೂಮೆನ್ ಅಂತ ಬರೆದಿದೆ. ಹಿಂದೆ ಕಂಪ್ಯೂಟರ್ ಜೋಡಿಸುವ ವಿಜಿಎ, ಎಚ್‌ಡಿಎಂಐ ತೂತು ಎರಡೂ ಇವೆ. ಬೆಂಚಿನ ಮೇಲಿಟ್ಟು ಮುಂದಿನ ಕಾಲಿಗೆ ಪುಸ್ತಕ ಕೊಟ್ಟು ಎತ್ತರಿಸಿದರೆ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದು. ಕೀಸ್ಟೋನ್ ಒತ್ತಿ ಸರಿ ಮಾಡಿದರೆ ಅಕ್ಷರ ಮಸುಕಾಗುತ್ತದೆ. 8 ಅಡಿ ಅಗಲಕ್ಕೆ ಬಿಟ್ಟರೆ ಹಗಲಲ್ಲಿ ಏನೂ ಕಾಣುವುದಿಲ್ಲ. ಹತ್ತನೇ ತರಗತಿ ಮಕ್ಕಳಿಗೆ ಬೇಗ ಶುರು ಮಾಡಬೇಕು, ದಯವಿಟ್ಟು ತಿಳಿಸಿ.

ಉತ್ತರ: ಮೇಡಂ, ನಾನು ಶಾಲೆ, ಸಭಾಭವನ, ಮನೆಗಳಿಗೆ ಪ್ರೊಜೆಕ್ಟರ್ ಹಾಕಿಕೊಡುವ ಕೆಲಸ ಮಾಡುವವನು. ನೀವು ಹೇಳಿದ್ದರಲ್ಲಿ ಮೆಶಿನ್ನಿನ ದೋಷ ಯಾವುದೂ ಇಲ್ಲ. ಎಲ್ಲವೂ ಅದನ್ನು ಇಟ್ಟಿರುವ ಜಾಗದ್ದು. ಹಾಗಾಗಿ ರಿಮೋಟು, ಮೆನು ಎಲ್ಲ ಪಕ್ಕಕ್ಕಿಟ್ಟು ಮೊದಲು ಟೇಪು ಹಿಡಿದುಕೊಳ್ಳಿ.

ಚಿತ್ರ ಮೇಲೆ ಅಗಲವಾಗುವುದು ಪ್ರೊಜೆಕ್ಟರ್ ಮುಖ ಎತ್ತಿ ನೋಡುತ್ತಿರುವುದರಿಂದ. ಬೆಳಕು ಗೋಡೆಯ ಮೇಲ್ಭಾಗಕ್ಕೆ ಹೆಚ್ಚು ದೂರ ಹೋಗುತ್ತದೆ, ಹೋದಷ್ಟೂ ಹರಡುತ್ತದೆ. ಪುಸ್ತಕ ತೆಗೆಯಿರಿ. ಪ್ರೊಜೆಕ್ಟರನ್ನು ಮಟ್ಟವಾಗಿ ಇಟ್ಟು, ಬೆಂಚಿನ ಬದಲು ಎತ್ತರದ ಮೇಜು ಹಾಕಿ. ಮೇಜಿನ ಮೇಲಿಡುವ ಬಹುತೇಕ ಪ್ರೊಜೆಕ್ಟರುಗಳ ಲೆನ್ಸು ಚಿತ್ರವನ್ನು ತಾನಾಗಿಯೇ ಮೇಲಕ್ಕೆ ಎಸೆಯುವ ಹಾಗೆ ಮಾಡಿರುತ್ತಾರೆ. ಚಿತ್ರದ ಕೆಳಗಿನ ಅಂಚು ಸುಮಾರು ಲೆನ್ಸಿನ ಎತ್ತರಕ್ಕೇ ಬರುತ್ತದೆ. ಅಂದರೆ ಗೋಡೆಯ ಮೇಲೆ ಚಿತ್ರ ಎಲ್ಲಿಂದ ಶುರುವಾಗಬೇಕೋ ಮೇಜಿನ ಎತ್ತರ ಹೆಚ್ಚುಕಡಿಮೆ ಅಷ್ಟಿದ್ದರೆ ಓರೆ ಮಾಡುವ ಪ್ರಮೇಯವೇ ಬರುವುದಿಲ್ಲ. ಚಾವಣಿಗೆ ನೇತುಹಾಕುವಾಗ ತಲೆಕೆಳಗು ಹಾಕುವುದೂ ಇದೇ ಕಾರಣಕ್ಕೆ. ಆಗ ಚಿತ್ರದ ಮೇಲಿನ ಅಂಚು ಲೆನ್ಸಿನ ಮಟ್ಟಕ್ಕೆ ಬರುತ್ತದೆ, ಮೆನುವಿನಲ್ಲಿ ‘ಸೀಲಿಂಗ್’ ಆರಿಸಿದರೆ ಚಿತ್ರ ನೆಟ್ಟಗಾಗುತ್ತದೆ.

ಎಡಬಲಕ್ಕೂ ಇದೇ ಲೆಕ್ಕ. ಪವರ್‌ಪಾಯಿಂಟಿನಲ್ಲಿ ಒಂದು ಬಿಳಿ ಸ್ಲೈಡ್ ಮಾಡಿ, ಸುತ್ತ ದಪ್ಪ ಕಪ್ಪು ಗೆರೆ ಹಾಕಿ, ಪೂರ್ತಿ ಪರದೆಗೆ ಬಿಡಿ. ಗೋಡೆಯ ಹತ್ತಿರ ಹೋಗಿ ಎಡ ಅಂಚಿನ ಎತ್ತರ, ಬಲ ಅಂಚಿನ ಎತ್ತರ ಅಳೆಯಿರಿ. ಎಡ ಅಂಚು ಉದ್ದವಾಗಿದ್ದರೆ ಮೇಜನ್ನು ಸ್ವಲ್ಪ ಎಡಕ್ಕೆ ಸರಿಸಿ, ಮತ್ತೆ ಗೋಡೆಗೆ ನೇರ ತಿರುಗಿಸಿ. ಯಾವ ಅಂಚು ಉದ್ದವೋ ಆ ಕಡೆಗೇ ಸರಿಸಬೇಕು, ಇಷ್ಟು ನೆನಪಿದ್ದರೆ ಸಾಕು. ಎರಡೂ ಅಳತೆ ಒಂದೇ ಆದಮೇಲೆ ಮೇಜಿನ ಕಾಲು ಇರುವಲ್ಲಿ ನೆಲಕ್ಕೆ ಪೇಂಟಿನಲ್ಲಿ ಗುರುತು ಹಾಕಿಬಿಡಿ. ನಾಳೆ ಬೇರೆ ಮೇಷ್ಟ್ರು ಬಂದರೂ ಅದೇ ಜಾಗಕ್ಕೆ ಕೂರಿಸಬಹುದು.

ಇಷ್ಟೆಲ್ಲ ಹೇಳಲು ಕಾರಣವಿದೆ. ಕೀಸ್ಟೋನ್ ಗುಂಡಿ ಲೆನ್ಸನ್ನು ಅಲುಗಾಡಿಸುವುದಿಲ್ಲ. ಒಳಗಿನ ಚಿತ್ರವನ್ನೇ ಕುಗ್ಗಿಸಿ ಓರೆ ಮಾಡಿ ಕಳಿಸುತ್ತದೆ. ಇರುವುದೇ ಅಡ್ಡಕ್ಕೆ 1024 ಚುಕ್ಕೆ, ಅದರಲ್ಲೂ ಒಂದಿಷ್ಟು ಖಾಲಿ ಬಿದ್ದುಹೋಗುತ್ತವೆ. ಇಂಗ್ಲಿಷ್ ಅಕ್ಷರ ಹೇಗೋ ಓದಬಹುದು, ಕನ್ನಡದ ಒತ್ತಕ್ಷರ ಮೊದಲು ಸಾಯುತ್ತದೆ. ‘ದ್ಯುತಿಸಂಶ್ಲೇಷಣೆ’ ಅಂತ ಒಂದು ಸ್ಲೈಡಿನಲ್ಲಿ ಬರೆದು ಕೊನೆ ಬೆಂಚಿನಿಂದ ನೋಡಿ, ಕೀಸ್ಟೋನ್ ಸೊನ್ನೆಯಲ್ಲಿಟ್ಟು ಒಮ್ಮೆ, ಪೂರ್ತಿ ಏರಿಸಿ ಒಮ್ಮೆ. ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ದೂರ. ಕಂಪನಿಯವರು ‘ಥ್ರೋ ರೇಶಿಯೋ’ ಅಂತ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಚಿತ್ರದ ಅಗಲವನ್ನು ಅದರಿಂದ ಗುಣಿಸಿದರೆ ಲೆನ್ಸಿನಿಂದ ಗೋಡೆಗೆ ಎಷ್ಟು ದೂರ ಅಂತ ಸಿಗುತ್ತದೆ. ರೇಶಿಯೋ 1.5 ಇದ್ದರೆ 8 ಅಡಿ ಅಗಲಕ್ಕೆ 12 ಅಡಿ, 6 ಅಡಿ ಅಗಲಕ್ಕೆ 9 ಅಡಿ. ಶಾರ್ಟ್ ಥ್ರೋ ಮಾಡೆಲ್ಲುಗಳಲ್ಲಿ ಇದು 0.5ರ ಆಸುಪಾಸು, 4 ಅಡಿ ದೂರದಿಂದಲೇ 8 ಅಡಿ ಚಿತ್ರ ಬರುತ್ತದೆ, ಮೇಷ್ಟ್ರ ನೆರಳೂ ಅಷ್ಟಾಗಿ ಬೀಳುವುದಿಲ್ಲ.

ನೀವು 6 ಅಡಿ ಅಗಲಕ್ಕೇ ನಿಲ್ಲಿಸಿ ಅನ್ನುತ್ತೇನೆ. ನಿಮ್ಮ 1024 × 768ರ ಚಿತ್ರಕ್ಕೆ 8 ಅಡಿ ಅಗಲ ಅಂದರೆ 6 ಅಡಿ ಎತ್ತರ, 48 ಚದರಡಿ. 6 ಅಡಿ ಅಗಲಕ್ಕೆ ನಾಲ್ಕೂವರೆ ಅಡಿ ಎತ್ತರ, 27 ಚದರಡಿ. ಅದೇ ಬೆಳಕು ಸಣ್ಣ ಜಾಗಕ್ಕೆ ಬೀಳುವುದರಿಂದ ಚಿತ್ರ ಸುಮಾರು 1.8 ಪಟ್ಟು ಪ್ರಕಾಶಮಾನವಾಗುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ಕಾಣಿಸುವುದಿಲ್ಲ ಅಂತ ಹೊಸ ಲ್ಯಾಂಪಿಗೆ ಹಣ ಹೊಂದಿಸುವ ಮುಂಚೆ ಇದನ್ನು ಮಾಡಿ ನೋಡಿ. ಪಾಠದ ಅಕ್ಷರ ಓದಲು ಕೊನೆಯ ಬೆಂಚು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು ಅಂತ ನಮ್ಮ ಕಸುಬಿನಲ್ಲಿ ಒಂದು ಅಂದಾಜು. ನಾಲ್ಕೂವರೆ ಅಡಿಗೆ 27 ಅಡಿ, ಸಾಮಾನ್ಯ ತರಗತಿಗೆ ಸಾಕು. ಆಮೇಲೆ ಎಲ್ಲ ಕಿಟಕಿ ಮುಚ್ಚಿ ಮಕ್ಕಳನ್ನು ಸೆಕೆಯಲ್ಲಿ ಕೂರಿಸಬೇಡಿ. ಪರದೆ ಮೇಲೆ ನೇರವಾಗಿ ಬೆಳಕು ಬೀಳಿಸುವ ಕಿಟಕಿ ಯಾವುದು ಅಂತ ಹುಡುಕಿ ಅದೊಂದಕ್ಕೆ ದಪ್ಪ ಬಟ್ಟೆ ಹಾಕಿ, ಪರದೆಯ ಎದುರಿನ ಟ್ಯೂಬ್‌ಲೈಟ್ ಆರಿಸಿ. ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಗೋಡೆ ಒಳ್ಳೆಯ ಪರದೆಯೇ. ಮಿನುಗುವ ಎನಾಮೆಲ್ ಪೇಂಟು ಮಾತ್ರ ಬೇಡ, ನಡುವೆ ಒಂದು ಬಿಳಿ ಉಂಡೆ ಕಣ್ಣಿಗೆ ಹೊಡೆಯುತ್ತದೆ.

ಮರುಪ್ರಶ್ನೆ (ಅದೇ ಶಿಕ್ಷಕಿ): ಎತ್ತರದ ಮೇಜು ಹಾಕಿದೆ, ಚೌಕ ಸರಿಯಾಯಿತು, ತುಂಬ ಧನ್ಯವಾದ. ಈಗ ಕನೆಕ್ಷನ್. ಹಳೇ ಕಂಪ್ಯೂಟರಿನಿಂದ ವಿಜಿಎ ಹಾಕಿದರೆ ಬಣ್ಣ ಪೂರ್ತಿ ಹಳದಿ. ನನ್ನ ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಹಾಕಿದರೆ ‘ನೋ ಸಿಗ್ನಲ್’. ಒಮ್ಮೆ ಬಂದಾಗ ಸ್ಲೈಡಿನ ಕನ್ನಡವೆಲ್ಲ ವಿಚಿತ್ರ ಚಿಹ್ನೆಗಳಾಗಿತ್ತು.

ಉತ್ತರ: ಮೂರಕ್ಕೂ ಬೇರೆ ಬೇರೆ ಕಾರಣ.

ವಿಜಿಎಯಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆ ಪಿನ್ನಿನಲ್ಲಿ ಹೋಗುತ್ತವೆ. ನೀಲಿ ತಪ್ಪಿದರೆ ಚಿತ್ರ ಹಳದಿ, ಹಸಿರು ತಪ್ಪಿದರೆ ನೇರಳೆ-ಗುಲಾಬಿ. ಕೇಬಲ್ ಬಿಚ್ಚಿ ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಬಾಗಿರಬಹುದು. ಸಣ್ಣ ಚಿಮಟದಿಂದ ನಿಧಾನವಾಗಿ ನೇರ ಮಾಡಬಹುದು. ಕೆಲವು ಕೇಬಲ್ಲಿನಲ್ಲಿ ಒಂದು ಪಿನ್ ಮೊದಲಿಂದಲೇ ಇರುವುದಿಲ್ಲ, ಅದನ್ನು ನೋಡಿ ಗಾಬರಿ ಬೇಡ. ಹಾಕುವಾಗ ಎರಡೂ ಸ್ಕ್ರೂ ತಿರುಗಿಸಿ, ಸಡಿಲವಾದರೆ ಮತ್ತೆ ಇದೇ ಕಥೆ. ವಿಜಿಎ 1987ರಲ್ಲಿ ಐಬಿಎಂ ತಂದ ಪದ್ಧತಿ, ಅದರಲ್ಲಿ ಶಬ್ದ ಹೋಗುವುದಿಲ್ಲ. ಆ ಕಂಪ್ಯೂಟರಿನಿಂದ ಸ್ಪೀಕರಿಗೆ ಬೇರೆಯೇ ವೈರು ಬೇಕು.

ಎಚ್‌ಡಿಎಂಐಗೆ: ಕೇಬಲ್ ಎರಡೂ ಕಡೆ ಗಟ್ಟಿಯಾಗಿ ಕೂರಿಸಿ, ಪ್ರೊಜೆಕ್ಟರ್ ಆನ್ ಮಾಡಿ, ಲ್ಯಾಂಪು ಪೂರ್ತಿ ಹೊತ್ತಿದ ಮೇಲೆ ರಿಮೋಟಿನ ‘ಸೋರ್ಸ್’ ಒತ್ತಿ ಎಚ್‌ಡಿಎಂಐ ಆರಿಸಿ. ನಂತರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಹಿಡಿದುಕೊಂಡು ಪಿ ಒತ್ತಿ. ‘ಪಿಸಿ ಸ್ಕ್ರೀನ್ ಓನ್ಲಿ’ ಇದ್ದರೆ ಹೊರಗೆ ಏನೂ ಹೋಗುವುದಿಲ್ಲ. ‘ಡೂಪ್ಲಿಕೇಟ್’ ಮಾಡಿ. ಅಭ್ಯಾಸವಾದ ಮೇಲೆ ‘ಎಕ್ಸ್‌ಟೆಂಡ್’ಗೆ ಬನ್ನಿ, ನಿಮ್ಮ ಟಿಪ್ಪಣಿ ನಿಮಗೆ, ಸ್ಲೈಡ್ ಮಕ್ಕಳಿಗೆ. ಆಗಲೂ ಬರದಿದ್ದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 1024 × 768 ಆರಿಸಿ ನೋಡಿ. ‘ನೋ ಸಿಗ್ನಲ್’ ಅಂತ ಕರೆ ಬಂದು ನಾನು ಹೋದ ಕಡೆಗಳಲ್ಲಿ ಹೆಚ್ಚಿನವು ಸೋರ್ಸ್ ತಪ್ಪು, ಇಲ್ಲವೇ ಈ ವಿಂಡೋಸ್-ಪಿ.

ಕನ್ನಡ ಚಿಹ್ನೆಗಳಾಗುವುದು ಪ್ರೊಜೆಕ್ಟರಿನ ಸಮಸ್ಯೆಯಲ್ಲ. ಸ್ಲೈಡ್ ಯೂನಿಕೋಡ್ ಅಲ್ಲದ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿರುತ್ತದೆ, ಆ ಫಾಂಟು ಈ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ತಯಾರಿಸಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡು ಬನ್ನಿ. ಹೊಸದಾಗಿ ಬರೆಯುವುದನ್ನು ಯೂನಿಕೋಡಿನಲ್ಲೇ ಬರೆಯಿರಿ.

ಪ್ರಶ್ನೆ (ಮೈಸೂರು): ಆನ್‌ಲೈನಿನಲ್ಲಿ 9000 ಲ್ಯೂಮೆನ್, ಫುಲ್ ಎಚ್‌ಡಿ ಸಪೋರ್ಟ್ ಇರುವ ಪುಟ್ಟ ಪ್ರೊಜೆಕ್ಟರ್ ಕಡಿಮೆ ಬೆಲೆಗಿದೆ. ಮೇಡಂ ಅವರದು 3000 ಮಾತ್ರ. ಹಾಲ್‌ನಲ್ಲಿ ಮಧ್ಯಾಹ್ನ ಕ್ರಿಕೆಟ್ ನೋಡಬಹುದಾ?

ಉತ್ತರ: ನೋಡಲಾಗುವುದಿಲ್ಲ. ಆ 9000 ಯಾರೂ ಒಪ್ಪಿದ ರೀತಿಯಲ್ಲಿ ಅಳೆದದ್ದಲ್ಲ. ‘ಎಎನ್‌ಎಸ್‌ಐ ಲ್ಯೂಮೆನ್’ ಅಥವಾ ‘ಐಎಸ್‌ಒ ಲ್ಯೂಮೆನ್’ ಎಷ್ಟು ಅಂತ ಮಾತ್ರ ನೋಡಿ. ಅದು ಬರೆದೇ ಇಲ್ಲದಿದ್ದರೆ ಅಷ್ಟಕ್ಕೇ ಬಿಟ್ಟುಬಿಡಿ. ಆ ಅಳತೆಗೆ ಇಂಥ ಪುಟ್ಟ ಮೆಶಿನ್ನುಗಳು ಎಷ್ಟೋ ಸಲ ಕೆಲವೇ ನೂರಕ್ಕೆ ನಿಲ್ಲುತ್ತವೆ. ‘ಫುಲ್ ಎಚ್‌ಡಿ ಸಪೋರ್ಟ್’ ಅಂದರೂ ಹಾಗೇ: ಫುಲ್ ಎಚ್‌ಡಿ ಕಳಿಸಿದರೆ ತೆಗೆದುಕೊಳ್ಳುತ್ತದೆ, ತೋರಿಸುವುದು ತನ್ನ ಶಕ್ತಿಯಷ್ಟೇ. ‘ನೇಟಿವ್ ರೆಸಲ್ಯೂಶನ್’, ಅಂದರೆ ಮೆಶಿನ್ನಿನಲ್ಲಿ ನಿಜಕ್ಕೂ ಇರುವ ಚುಕ್ಕೆ, ಎಷ್ಟು ಅಂತ ಕೇಳಿ. ರಾತ್ರಿ ಕತ್ತಲ ಕೋಣೆಯಲ್ಲಿ ಸಿನಿಮಾಕ್ಕಾದರೆ ತೊಂದರೆಯಿಲ್ಲ. ಮಧ್ಯಾಹ್ನ ಹಾಲ್‌ನಲ್ಲಿ ಕ್ರಿಕೆಟ್ಟಿಗೆ ಅದೇ ದುಡ್ಡು ಟಿವಿಗೆ ಹಾಕಿ, ಇದನ್ನು ಪ್ರೊಜೆಕ್ಟರ್ ಹಾಕಿ ಬದುಕುವ ನಾನೇ ಹೇಳುತ್ತಿದ್ದೇನೆ.

ಪ್ರಶ್ನೆ (ಬೆಂಗಳೂರು): ಫೋನನ್ನು ಯುಎಸ್‌ಬಿ-ಸಿ ಟು ಎಚ್‌ಡಿಎಂಐ ಕೇಬಲ್ಲಿನಲ್ಲಿ ಹಾಕಿದೆ, ಏನೂ ಬರುತ್ತಿಲ್ಲ. ವೈಫೈ ಮಿರರಿಂಗ್ ಮಾಡಿದರೆ ಫೋಟೋ ಬರುತ್ತದೆ, ಓಟಿಟಿ ಸಿನಿಮಾ ಮಾತ್ರ ಕಪ್ಪು, ಶಬ್ದ ಕೇಳಿಸುತ್ತದೆ.

ಉತ್ತರ: ಎಲ್ಲ ಯುಎಸ್‌ಬಿ-ಸಿ ತೂತಿನಿಂದಲೂ ಚಿತ್ರ ಹೊರಗೆ ಬರುವುದಿಲ್ಲ. ಫೋನಿನಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಇರಬೇಕು. ಸ್ಯಾಮ್‌ಸಂಗಿನ ದುಬಾರಿ ಎಸ್ ಸರಣಿಯಲ್ಲಿ, 2023ರ ಐಫೋನ್ 15ರಲ್ಲಿ ಇದೆ. ಕಡಿಮೆ ಬೆಲೆಯ ಬಹುತೇಕ ಫೋನುಗಳಲ್ಲಿ ಇಲ್ಲ, ಆಗ ಯಾವ ಕೇಬಲ್ ತಂದರೂ ಅಷ್ಟೇ.

ಸಿನಿಮಾ ಕಪ್ಪಾಗುವುದು ನಕಲು ತಡೆಯುವ ಬೀಗದಿಂದ. ಎಚ್‌ಡಿಎಂಐನಲ್ಲಿ ಅದಕ್ಕೆ ಎಚ್‌ಡಿಸಿಪಿ ಅನ್ನುತ್ತಾರೆ. ದಾರಿಯ ಎರಡೂ ತುದಿ ಒಪ್ಪದಿದ್ದರೆ ಆ್ಯಪ್ ಚಿತ್ರ ಬಿಡುವುದಿಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಡಬ್ಬಿ ಹಾಕಿದರೂ ಹೀಗೇ ಆಗುತ್ತದೆ. ಸುಲಭದ ದಾರಿ ಒಂದು ಸ್ಟ್ರೀಮಿಂಗ್ ಸ್ಟಿಕ್ ತಂದು ಪ್ರೊಜೆಕ್ಟರಿನ ಎಚ್‌ಡಿಎಂಐಗೆ ನೇರ ಹಾಕುವುದು. ಅದಕ್ಕೆ ಪವರನ್ನು ಅದರದೇ ಅಡಾಪ್ಟರಿನಿಂದ ಕೊಡಿ, ಪ್ರೊಜೆಕ್ಟರಿನ ಯುಎಸ್‌ಬಿಯಿಂದ ಕೊಟ್ಟರೆ ಕರೆಂಟು ಸಾಲದೆ ಪದೇಪದೇ ರೀಸ್ಟಾರ್ಟ್ ಆಗಬಹುದು.

ಪ್ರಶ್ನೆ (ಸಮುದಾಯ ಭವನ ಸಮಿತಿ ಸದಸ್ಯ, ಹಾಸನ): ವೇದಿಕೆಯಿಂದ ಪ್ರೊಜೆಕ್ಟರಿಗೆ 20 ಮೀಟರ್ ಎಚ್‌ಡಿಎಂಐ ಎಳೆದಿದ್ದೇವೆ. ಚಿತ್ರ ಮಿಣಿಮಿಣಿ, ಆಗಾಗ ಹೋಗುತ್ತದೆ. ಲ್ಯಾಪ್‌ಟಾಪಿನಿಂದ ಮೈಕ್‌ಸೆಟ್ಟಿಗೆ ವೈರು ಕೊಟ್ಟರೆ ಗುಂಯ್ ಅನ್ನುತ್ತದೆ.

ಉತ್ತರ: ಸಾದಾ ತಾಮ್ರದ ಎಚ್‌ಡಿಎಂಐ 10 ಮೀಟರ್ ದಾಟಿದ ಮೇಲೆ ಅದೃಷ್ಟದ ಮೇಲೆ ನಡೆಯುತ್ತದೆ, ಫೋರ್‌ಕೆಗಾದರೆ ಇನ್ನೂ ಬೇಗ ಕೈಕೊಡುತ್ತದೆ. ನಿಮ್ಮ ದೂರಕ್ಕೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಹಾಕಿ, ಇಲ್ಲವೇ ಕ್ಯಾಟ್-6 (ಕಂಪ್ಯೂಟರ್ ನೆಟ್‌ವರ್ಕಿನ) ವೈರಿನ ಮೇಲೆ ಕಳಿಸುವ ಎಕ್ಸ್‌ಟೆಂಡರ್ ಜೋಡಿ. ಆಪ್ಟಿಕಲ್ ಕೇಬಲ್ಲಿಗೆ ದಿಕ್ಕಿದೆ. ಒಂದು ತುದಿಗೆ ‘ಸೋರ್ಸ್’, ಇನ್ನೊಂದಕ್ಕೆ ‘ಡಿಸ್‌ಪ್ಲೇ’ ಅಂತ ಬರೆದಿರುತ್ತದೆ. ಪೈಪಿನೊಳಗೆ ಎಳೆಯುವ ಮುಂಚೆ ಓದಿಕೊಳ್ಳಿ, ಎಳೆದಮೇಲೆ ತಿರುಗಿಸಲು ಬರುವುದಿಲ್ಲ. ಎಳೆಯುವ ಮೊದಲು ನೆಲದ ಮೇಲೆ ಹಾಸಿ ಅರ್ಧ ಗಂಟೆ ಓಡಿಸಿ ನೋಡಿ.

ಗುಂಯ್ ಸದ್ದಿಗೆ ಪರೀಕ್ಷೆ: ಲ್ಯಾಪ್‌ಟಾಪಿನ ಚಾರ್ಜರ್ ತೆಗೆಯಿರಿ. ಸದ್ದು ನಿಂತರೆ ಅದು ಅರ್ತಿಂಗಿನ ಸುತ್ತು, ಅಂದರೆ ಬೇರೆ ಬೇರೆ ಕಡೆಯ ಅರ್ತ್ ನಡುವೆ ಆಡಿಯೋ ವೈರಿನ ಮೂಲಕ ಹರಿಯುವ ಸಣ್ಣ ಕರೆಂಟು. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಅರ್ತ್ ಇರುವ ಲೈನಿನಿಂದ ತೆಗೆದುಕೊಳ್ಳಿ. ಆಗಲೂ ಉಳಿದರೆ ಆಡಿಯೋ ವೈರಿನ ನಡುವೆ ಐಸೊಲೇಟರ್ ಹಾಕಿ, ಸಣ್ಣ ಖರ್ಚಿನದು. ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ಮೈಕ್ ಹಿಡಿದವರ ಪ್ರಾಣಕ್ಕೆ ಬರುತ್ತದೆ.

ಪ್ರಶ್ನೆ (ದಾವಣಗೆರೆ): ಅಮೆರಿಕದಿಂದ ಮಗ ಲ್ಯಾಂಪಿನ ಪ್ರೊಜೆಕ್ಟರ್ ತಂದಿದ್ದಾನೆ. ಇಲ್ಲಿನ ಕರೆಂಟಿಗೆ ಹಾಕಬಹುದಾ? ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ.

ಉತ್ತರ: ಪವರ್ ಸಾಕೆಟ್ಟಿನ ಹತ್ತಿರದ ಚೀಟಿ ಓದಿ. 100ರಿಂದ 240 ವೋಲ್ಟ್, 50/60 ಹರ್ಟ್ಸ್ ಅಂತಿದ್ದರೆ ಇಲ್ಲಿಯ ಮೂರು ಪಿನ್ನಿನ ಕಾರ್ಡ್ ತಂದು ಹಾಕಿ, ಟ್ರಾನ್ಸ್‌ಫಾರ್ಮರ್ ಬೇಡ. ಬರೀ 120 ಇದ್ದರೆ ನೇರ ಹಾಕಲೇಬೇಡಿ.

ಕರೆಂಟು ಹೋಗುವುದು ಲ್ಯಾಂಪಿಗೆ ದೊಡ್ಡ ಶತ್ರು. ಆಫ್ ಮಾಡಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗುವುದು ಒಳಗಿನ ಕಾವು ಹೊರಹಾಕಲು. ಫ್ಯಾನು ನಿಲ್ಲುವ ತನಕ ಗೋಡೆಯ ಸ್ವಿಚ್ ಮುಟ್ಟಬೇಡಿ. ಕರೆಂಟು ಹಠಾತ್ ಹೋದರೆ ಬಂದ ಕೂಡಲೇ ಹೊತ್ತಿಸದೆ ಪೂರ್ತಿ ತಣಿಯಲು ಬಿಡಿ. ಇಂಥ ಪ್ರೊಜೆಕ್ಟರ್ 250ರಿಂದ 350 ವ್ಯಾಟ್ ಎಳೆಯುತ್ತದೆ, ಒಂದು ಕೆವಿಎ ಯುಪಿಎಸ್ ಇದ್ದರೆ ಸರಿಯಾಗಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಬದಿಯ ಜಾಲರಿಯ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಮೃದು ಬ್ರಷ್ಷಿನಿಂದ ಒರೆಸಿ, ನಿಮ್ಮ ಕಡೆಯ ಧೂಳಿಗೆ ಇದು ಬೇಕೇ ಬೇಕು. ಲ್ಯಾಂಪು ಬದಲಿಸುವಾಗ ಗಾಜಿಗೆ ಬೆರಳು ತಾಗಿಸಬೇಡಿ. ಹಳೆಯದರಲ್ಲಿ ಪಾದರಸ ಇರುತ್ತದೆ, ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಮರುಪ್ರಶ್ನೆ (ಶಿಕ್ಷಕಿ): ಸರ್, ಕೊನೆಯದು. ನಮ್ಮ ಲ್ಯಾಂಪಿಗೆ ಎಷ್ಟು ಆಯುಸ್ಸು ಉಳಿದಿದೆ ಅಂತ ತಿಳಿಯುವುದು ಹೇಗೆ?

ಉತ್ತರ: ಮೆನುವಿನಲ್ಲಿ ‘ಇನ್ಫರ್ಮೇಶನ್’ ಒಳಗೆ ‘ಲ್ಯಾಂಪ್ ಅವರ್ಸ್’ ಇರುತ್ತದೆ. ಅದನ್ನು ಕೈಪಿಡಿಯಲ್ಲಿ ಬರೆದಿರುವ ಆಯುಸ್ಸಿನ ಜೊತೆ ಹೋಲಿಸಿ. ಆ ಆಯುಸ್ಸು ಅಂದರೆ ಲ್ಯಾಂಪು ಆರಿಹೋಗುವ ಹೊತ್ತಲ್ಲ, ಬೆಳಕು ಅರ್ಧಕ್ಕಿಳಿಯುವ ಹೊತ್ತು. ಹಾಗಾಗಿ ನಿಮ್ಮ 3000 ಈಗ 2000 ಆಗಿದ್ದರೂ ಆಶ್ಚರ್ಯವಿಲ್ಲ. ಹಿಂದಿನವರು ಲ್ಯಾಂಪು ಬದಲಿಸದೆ ಲೆಕ್ಕ ಮಾತ್ರ ಸೊನ್ನೆ ಮಾಡಿರಲೂಬಹುದು, ಕೊಟ್ಟವರನ್ನು ಒಮ್ಮೆ ಕೇಳಿ. ‘ಇಕೋ’ ಮೋಡಿಗೆ ಹಾಕಿ ನೋಡಿ. 6 ಅಡಿ ಚಿತ್ರ ಹಿಂದಿನ ಬೆಂಚಿಗೆ ಸ್ಪಷ್ಟ ಕಂಡರೆ ಅದರಲ್ಲೇ ಬಿಡಿ, ಲ್ಯಾಂಪು ಹೆಚ್ಚು ಬಾಳುತ್ತದೆ, ಫ್ಯಾನಿನ ಸದ್ದೂ ತಗ್ಗುತ್ತದೆ. ಮೆನುವಿನ ಆ ಪುಟದ ಫೋಟೋ ತೆಗೆದು ಮಾಡೆಲ್ ನಂಬರಿನ ಜೊತೆ ಇಲ್ಲಿ ಹಾಕಿ, ಯಾವ ಲ್ಯಾಂಪು ಬರುತ್ತದೆ ಅಂತ ನೋಡಿ ಹೇಳುತ್ತೇನೆ.