ಗ್ರಾಫಿಕ್ ಡಿಸೈನ್ ಬುಡದಿಂದ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ತುಂಗೆಯ ದಡ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಕನ್ನಡ ಸಂಘದ ಪೋಸ್ಟರ್‌ಗಳನ್ನು ಒಂದು ವರ್ಷದಿಂದ ನಾನೇ ಮಾಡುತ್ತಿದ್ದೇನೆ. ಎಲ್ಲ ಕ್ಯಾನ್ವಾದಲ್ಲೇ, ಇರುವ ಟೆಂಪ್ಲೇಟ್ ತೆಗೆದುಕೊಂಡು ಅಕ್ಷರ ಬದಲಾಯಿಸುವುದು, ಅಷ್ಟೆ. ಕಳೆದ ವಾರ ರಾಜ್ಯೋತ್ಸವದ ಕವಿಗೋಷ್ಠಿಗೆ ಒಂದು ಮಾಡಿದೆ. ಹಿನ್ನೆಲೆಗೆ ಹಳದಿ ಕೆಂಪು, ಭುವನೇಶ್ವರಿಯ ಚಿತ್ರ, ಕರ್ನಾಟಕದ ನಕ್ಷೆ, ಐದು ಜನ ಕವಿಗಳ ಫೋಟೊ, ನಾಲ್ಕು ತರದ ಫಾಂಟು. ಮೂರು ಗಂಟೆ ಕೂತು ಮಾಡಿದ್ದು. ನೋಟಿಸ್ ಬೋರ್ಡಿಗೆ ಅಂಟಿಸಿ ಪಕ್ಕದಲ್ಲೇ ನಿಂತಿದ್ದೆ, ನಮ್ಮ ಮೇಡಂ ಬಂದು ಮೇಲಿಂದ ಕೆಳಗಿನವರೆಗೆ ನೋಡಿ "ಚೆನ್ನಾಗಿದೆ ಕಣಪ್ಪ, ಕಾರ್ಯಕ್ರಮ ಯಾವತ್ತು?" ಅಂತ ಕೇಳಿದರು. ದಿನಾಂಕ ಅದರಲ್ಲೇ ಇತ್ತು. ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಆವತ್ತಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ನನಗೆ ಟೆಂಪ್ಲೇಟ್ ತುಂಬಲು ಬರುತ್ತದೆ, ಡಿಸೈನ್ ಬರುವುದಿಲ್ಲ ಅಂತ ಅರ್ಥವಾಯಿತು. ಇದನ್ನು ಸರಿಯಾಗಿ ಕಲಿಯಬೇಕು ಅಂತ ಆಸೆ ಇದೆ. ಬೆಂಗಳೂರಿನ ಒಂದು ಕಡೆ ವಿಚಾರಿಸಿದೆ, ಆರು ತಿಂಗಳಿಗೆ 60,000 ರೂಪಾಯಿ ಅಂದರು. ಮನೆಯಲ್ಲಿ ಕೇಳುವ ಹಾಗಿಲ್ಲ. ನನ್ನ ಹತ್ತಿರ ಇರುವುದು 4 ಜಿಬಿಯ ಹಳೆಯ ಲ್ಯಾಪ್‌ಟಾಪ್. ಮೊದಲು ಫೋಟೊಶಾಪ್ ಕಲಿಯಬೇಕಾ, ಇಲ್ಲಸ್ಟ್ರೇಟರ್ ಕಲಿಯಬೇಕಾ? ಚಿತ್ರ ಬರೆಯಲು ನನಗೆ ಬರುವುದಿಲ್ಲ, ಅದಿಲ್ಲದೆ ಆಗುತ್ತದಾ?

ಅಚ್ಚುಮೊಳೆ

ತಮ್ಮಾ, ನಾನು ಹುಬ್ಬಳ್ಳಿಯಲ್ಲಿ ಪ್ರೆಸ್‌ನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸಕ್ಕೆ ಸೇರಿ 14 ವರ್ಷ ಆಯಿತು. ಯಾವ ಸಾಫ್ಟ್‌ವೇರ್ ಅನ್ನುವುದನ್ನು ಸದ್ಯ ಪಕ್ಕಕ್ಕೆ ಇಡು. ನಿಮ್ಮ ಮೇಡಂ ಕೇಳಿದ ಪ್ರಶ್ನೆಯೇ ನಿನಗೆ ಮೊದಲನೇ ಪಾಠ. ಬೋರ್ಡಿನ ಮುಂದೆ ಹಾದು ಹೋಗುವವರು ನಿನ್ನ ಪೋಸ್ಟರಿಗೆ ಕೊಡುವುದು ಎರಡೋ ಮೂರೋ ಸೆಕೆಂಡು. ಅಷ್ಟರಲ್ಲಿ ಅವರ ಕಣ್ಣು ಎಲ್ಲಿ ಬೀಳಬೇಕು, ಅಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ನೀನು ಮೊದಲೇ ತೀರ್ಮಾನ ಮಾಡಿರಬೇಕು. ನೀನು ಮಾಡದೇ ಹೋದರೆ ಆ ತೀರ್ಮಾನವನ್ನು ಭುವನೇಶ್ವರಿಯ ಚಿತ್ರ ಮಾಡುತ್ತದೆ, ಯಾಕೆಂದರೆ ಮುಖ ಇದ್ದಲ್ಲಿ ಕಣ್ಣು ತಾನಾಗಿಯೇ ಹೋಗುತ್ತದೆ. ನಿನ್ನದರಲ್ಲಿ ಆರು ಮುಖ ಇವೆ. ದಿನಾಂಕ ಏಳನೆಯದು.

ಒಂದು ಕೆಲಸ ಮಾಡು. ಅದೇ ಪೋಸ್ಟರಿನ ವಿಷಯ ತಗೋ. ಚಿತ್ರ ಬೇಡ, ಬಣ್ಣ ಬೇಡ. ಬಿಳಿ ಹಾಳೆ, ಕಪ್ಪು ಅಕ್ಷರ, ಒಂದೇ ಫಾಂಟು, ಮೂರೇ ಅಳತೆ: ದೊಡ್ಡದು, ನಡುವಿನದು, ಚಿಕ್ಕದು. ಬೇಕಾದರೆ ಒಂದನ್ನು ದಪ್ಪ ಮಾಡಿಕೋ. ಇಷ್ಟರಲ್ಲೇ ಹೆಸರು, ದಿನ, ಸಮಯ, ಜಾಗ, ಕವಿಗಳು ಎಲ್ಲ ಸಲೀಸಾಗಿ ಓದಿಸಿಕೊಂಡು ಹೋಗುವ ಹಾಗೆ ಹತ್ತು ಬೇರೆ ಬೇರೆ ರೀತಿಯಲ್ಲಿ ಜೋಡಿಸು. ಮೊದಲ ನಾಲ್ಕು ಬೇಗ ಆಗುತ್ತವೆ, ಐದನೆಯದಕ್ಕೆ ತಲೆ ಓಡುವುದಿಲ್ಲ, ಆಗ ಏಳಬೇಡ, ಅಲ್ಲಿಂದಲೇ ಕಲಿಕೆ ಶುರುವಾಗುವುದು. ಮುಗಿದ ಮೇಲೆ ಗೋಡೆಗೆ ಅಂಟಿಸಿ, ದೂರ ನಿಂತು ಕಣ್ಣು ಅರ್ಧ ಮುಚ್ಚಿ ನೋಡು. ಅಕ್ಷರ ಓದಲು ಬರಬಾರದು, ಬರೀ ಕಪ್ಪು ಕಪ್ಪು ಗುಂಪು ಕಾಣಬೇಕು. ಯಾವ ಗುಂಪು ಮೊದಲು ಕಂಡಿತೋ ಜನ ಅದನ್ನೇ ಮೊದಲು ಓದುತ್ತಾರೆ.

ಬಿಳಿ ಜಾಗ

ಅಚ್ಚುಮೊಳೆ ಅಣ್ಣ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. ನಾನು ಮೈಸೂರಿನಲ್ಲಿ ಬಿಎಫ್‌ಎ ಅಂದರೆ ಕಲೆಯ ಪದವಿ ಓದಿದವಳು, ಅಪ್ಲೈಡ್ ಆರ್ಟ್. ಚಿತ್ರ ಬರೆಯಲು ಬರುವುದಿಲ್ಲ ಅಂತ ಹೆದರಬೇಡಿ. ಡಿಸೈನಿಗೆ ಮುಖ ಬಿಡಿಸುವ ಕೈ ಬೇಕಾಗಿಲ್ಲ, ನೋಡುವ ಕಣ್ಣು ಬೇಕು. ಆದರೆ ಆ ಕಣ್ಣು ಬರುವುದು ಕೈಯಿಂದಲೇ, ಇದು ನಾನು ಅನುಭವದಿಂದ ಹೇಳುತ್ತಿರುವುದು.

ನಮಗೆ ಮೊದಲ ವರ್ಷ ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಅಕ್ಷರವನ್ನು ಅಂಗೈ ಅಗಲಕ್ಕೆ ಬರೆಸುತ್ತಿದ್ದರು. ನನಗೆ ಮೊದಲು ಬಂದಿದ್ದು 'ಳ'. ಹುಟ್ಟಿದಾಗಿನಿಂದ ನೋಡಿದ ಅಕ್ಷರ, ಬರೆಯಲು ಕೂತರೆ ಯಾವ ಸುರುಳಿ ಎಲ್ಲಿ ತಿರುಗುತ್ತದೆ ಅಂತ ಗೊತ್ತಾಗಲಿಲ್ಲ. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು, ಒಳಗಿನ ಖಾಲಿ ಜಾಗ ಎಷ್ಟು, ಇದೆಲ್ಲ ಬರೆದಾಗ ಮಾತ್ರ ಕಾಣುತ್ತದೆ. ಎರಡು ವಾರ ಬರೆದ ಮೇಲೆ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಬೆಂಕಿಪೊಟ್ಟಣ ಎಲ್ಲವೂ ಬೇರೆಯಾಗಿ ಕಾಣತೊಡಗಿದವು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ. ಪೇಂಟರ್ ಕೈಯಲ್ಲಿ ಬರೆದ ಹಳೆಯ ಬೋರ್ಡು ಎಲ್ಲಾದರೂ ಉಳಿದಿದ್ದರೆ ಫೋಟೊ ತೆಗೆದುಕೊಂಡು ಬಂದು ಅದನ್ನು ನೋಡಿ ಬರೆಯಿರಿ. ಇಂಗ್ಲಿಷಿನ ಹಾಗೆ ನಮಗೆ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಹಾಗಾಗಿ ಕನ್ನಡದಲ್ಲಿ ಒತ್ತು ಕೊಡಬೇಕಾದರೆ ಅಳತೆ, ದಪ್ಪ, ಸುತ್ತಲಿನ ಖಾಲಿ ಜಾಗ ಇವೇ ಗತಿ. ಆ ಬೋರ್ಡಿನವರು ಇದನ್ನು ಬಹಳ ಚೆನ್ನಾಗಿ ಅರಿತವರು.

ಬಣ್ಣದ ವಿಷಯಕ್ಕೆ ಬಂದರೆ, ನಿಮ್ಮ ಪೋಸ್ಟರನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಹಳದಿ ಹೆಚ್ಚುಕಡಿಮೆ ಬಿಳಿಯಾಗುತ್ತದೆ, ಕೆಂಪು ಗಾಢ ಬೂದಿಯಾಗುತ್ತದೆ. ಬಾವುಟದ ಹಾಗೆ ಮೇಲೆ ಹಳದಿ ಕೆಳಗೆ ಕೆಂಪು ಇಟ್ಟು ಎರಡರ ಮೇಲೂ ಹಾಯುವ ಹಾಗೆ ಅಕ್ಷರ ಕೂರಿಸಿದರೆ, ಬಿಳಿ ಅಕ್ಷರ ಹಳದಿಯಲ್ಲಿ ಕರಗುತ್ತದೆ, ಕಪ್ಪು ಅಕ್ಷರ ಕೆಂಪಿನಲ್ಲಿ ಮಂಕಾಗುತ್ತದೆ. ದಿನಾಂಕ ಹಾಗೆಯೇ ಕಳೆದುಹೋಗಿರಬೇಕು ಅಂತ ನನ್ನ ಊಹೆ.

ತುಂಗೆಯ ದಡ

ಅಕ್ಕ, ದಿನಾಂಕ ಕೆಂಪಿನ ಮೇಲೆ ಕಪ್ಪಿನಲ್ಲೇ ಇತ್ತು! ಕಪ್ಪು-ಬಿಳುಪು ಮಾಡಿ ನೋಡಿದೆ, ಮಾಯವೇ ಆಯಿತು.

ಅಣ್ಣ, ಹತ್ತರಲ್ಲಿ ಏಳು ಮಾಡಿದ್ದೇನೆ. ಐದನೆಯದಕ್ಕೆ ನೀವು ಹೇಳಿದ ಹಾಗೇ ಆಯಿತು. ಮಧ್ಯೆ ಇನ್ನೊಂದು ತೊಂದರೆ. ಮೇಡಂ ಕವಿಗಳ ಪರಿಚಯವನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕೊಟ್ಟಿದ್ದರು, ಅದನ್ನು ಪೇಸ್ಟ್ ಮಾಡಿದರೆ ಏನೇನೋ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ಗೆಳೆಯನ ಫೋಟೊಶಾಪಿನಲ್ಲಿ ಮಾಡಲು ಹೋದರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂರುತ್ತದೆ. ಇದಕ್ಕೇನು ಮಾಡಬೇಕು?

ಕಾಗುಣಿತ

ಇವು ಎರಡು ಬೇರೆ ಬೇರೆ ತೊಂದರೆ. ಮೊದಲನೆಯದು: ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ಪದ್ಧತಿಯವಲ್ಲ. ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಿರುವಂಥವು. ಆ ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಒಳಗಿರುವ ಚಿಹ್ನೆಗಳೇ ಕಾಣುತ್ತವೆ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒಂದು ಸಲ ಪೂರ್ತಿ ಓದಿ, ಅರ್ಕಾವತ್ತು ಮತ್ತು ಒತ್ತಕ್ಷರದ ಹತ್ತಿರ ತಪ್ಪು ಉಳಿಯಬಹುದು, ಕವಿಗಳ ಹೆಸರಂತೂ ಎರಡು ಸಲ ನೋಡಿ.

ಎರಡನೆಯದು ಸೆಟ್ಟಿಂಗ್. ಫೋಟೊಶಾಪಿನಲ್ಲಿ ಪ್ರಿಫರೆನ್ಸಸ್‌ನಲ್ಲಿ ಟೈಪ್ ಅನ್ನುವ ಕಡೆ ಹೋಗಿ. ಹೊಸದರಲ್ಲಿ ವರ್ಲ್ಡ್-ರೆಡಿ ಲೇಔಟ್ ಅಂತ ಇರುತ್ತದೆ, ಸ್ವಲ್ಪ ಹಳೆಯದರಲ್ಲಿ ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಅಂತ ಇರುತ್ತದೆ. ಅದನ್ನು ಆರಿಸಿಕೊಳ್ಳಿ. ಇನ್‌ಡಿಸೈನ್‌ನಲ್ಲಾದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್. ಇಷ್ಟು ಮಾಡಿದರೆ ಒತ್ತು ತನ್ನ ಜಾಗಕ್ಕೆ ಹೋಗುತ್ತದೆ.

ನಿಮ್ಮ ಲ್ಯಾಪ್‌ಟಾಪಿಗೆ ಸುಮ್ನೆ ಅಡೋಬಿ ಕಂಪನಿಯ ಈ ಸಾಫ್ಟ್‌ವೇರ್‌ಗಳನ್ನು ಹೊರಿಸಬೇಡಿ. ಇಂಕ್‌ಸ್ಕೇಪ್ ಹಾಕಿಕೊಳ್ಳಿ, ಉಚಿತ, ಯೂನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ, ಪೋಸ್ಟರಿಗೆ ಸಾಕು. ಫೋಟೊ ತಿದ್ದಲು ಗಿಂಪ್, ಪುಸ್ತಕದಂಥ ಕೆಲಸಕ್ಕೆ ಸ್ಕ್ರೈಬಸ್. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಎಲ್ಲ ಇವೆ. ನನ್ನ ಮಾತು ಕೇಳುವುದಾದರೆ ಆರು ತಿಂಗಳು ನೋಟೊ ಅಥವಾ ಅನೇಕ್, ಎರಡರಲ್ಲಿ ಒಂದನ್ನೇ ಬಳಸಿ. ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕ ಅದರಲ್ಲೇ ಸಿಗುತ್ತದೆ.

ಅಚ್ಚುಮೊಳೆ

ಕಾಗುಣಿತ ಹೇಳಿದ್ದು ಸರಿ, ಆದರೆ ನಮ್ಮ ಕಡೆಯ ಪ್ರೆಸ್‌ಗಳಲ್ಲಿ ಇನ್ನೂ ಜಾಸ್ತಿ ಓಡುವುದು ಕೋರೆಲ್ ಡ್ರಾ ಮತ್ತು ನುಡಿ. ಆಮೇಲೆ ಕೆಲಸಕ್ಕೆ ಸೇರುವ ಯೋಚನೆ ಇದ್ದರೆ ಅದನ್ನೂ ನೋಡಿಟ್ಟುಕೋ, ತಮ್ಮಾ.

ಇನ್ನು ಅಚ್ಚಿಗೆ ಕೊಡುವಾಗ. ಎ4 ಅಂದರೆ 210 ಮಿ.ಮೀ. ಅಗಲ, 297 ಎತ್ತರ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 2480 ಮತ್ತು 3508 ಪಿಕ್ಸೆಲ್. ಬಣ್ಣ ಅಂಚಿನವರೆಗೂ ಇದ್ದರೆ ಸುತ್ತ 3 ಮಿ.ಮೀ. ಬಣ್ಣ ಹೆಚ್ಚಿಗೆ ಬಿಡು, ಇಲ್ಲದಿದ್ದರೆ ಕಟಿಂಗ್‌ನಲ್ಲಿ ಕೂದಲೆಳೆ ಆಚೀಚೆಯಾದರೆ ಬಿಳಿ ಗೆರೆ ಉಳಿಯುತ್ತದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಬೇಡ, ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸು.

ಎಲ್ಲಕ್ಕಿಂತ ಮುಖ್ಯವಾದದ್ದು ಕಪ್ಪು. ಪರದೆಯ ಕಪ್ಪನ್ನು ಹಾಗೇ ಆಫ್‌ಸೆಟ್ಟಿಗೆ ಕೊಟ್ಟರೆ ಅದು ನೀಲಿ, ಗುಲಾಬಿ, ಹಳದಿ, ಕಪ್ಪು ನಾಲ್ಕೂ ಸೇರಿ ಆಗುವ ಕಪ್ಪಾಗುತ್ತದೆ. ನಾಲ್ಕು ಪ್ಲೇಟು, ನಾಲ್ಕು ಸಲ ಶಾಯಿ. ಕಾಗದ ಸ್ವಲ್ಪ ಜರುಗಿದರೂ ಚಿಕ್ಕ ಅಕ್ಷರದ ಸುತ್ತ ಬಣ್ಣದ ನೆರಳು ಏಳುತ್ತದೆ. ನಾನು ಕೆಲಸಕ್ಕೆ ಸೇರಿದ ವರ್ಷ ಒಂದು ಲಗ್ನಪತ್ರಿಕೆಗೆ ಹೀಗೇ ಮಾಡಿದ್ದೆ. ಐದುನೂರು ಪತ್ರಿಕೆಯಲ್ಲಿ ಹುಡುಗಿಯ ಅಜ್ಜಿಯ ಹೆಸರಿನ ಒತ್ತುಗಳೆಲ್ಲ ಗುಲಾಬಿ ಅಂಚು ಹಿಡಿದು ಕೂತಿದ್ದವು. ಅಷ್ಟನ್ನೂ ಮತ್ತೆ ಅಚ್ಚು ಹಾಕಿದೆವು. ಚಿಕ್ಕ ಅಕ್ಷರಕ್ಕೆ ಬರೀ ಕಪ್ಪು ಪ್ಲೇಟು ಶೇಕಡ 100, ಉಳಿದವು ಸೊನ್ನೆ. ಇದನ್ನು ಮರೆಯಬೇಡ. ಬಿಡುವಿದ್ದಾಗ ನಿಮ್ಮೂರಿನ ಯಾವುದಾದರೂ ಪ್ರೆಸ್‌ಗೆ ಹೋಗಿ ಒಂದು ಗಂಟೆ ನಿಂತು ನೋಡು. ಕಲಿಯುವ ಹುಡುಗ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ತುಂಗೆಯ ದಡ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತೂ ಮುಗಿಸಿದೆ. ಒಂಬತ್ತನೆಯದನ್ನು ಆರಿಸಿಕೊಂಡು ಪೋಸ್ಟರ್ ಮಾಡಿದ್ದೇನೆ, ಚಿತ್ರ ಹಾಕಿದ್ದೇನೆ ನೋಡಿ. ಹಳದಿ ಹಿನ್ನೆಲೆ ಒಂದೇ, ಅಕ್ಷರ ಕಪ್ಪು, ದಿನಾಂಕ ಮಾತ್ರ ಕೆಂಪು. ಭುವನೇಶ್ವರಿ, ನಕ್ಷೆ ತೆಗೆದೆ, ಕವಿಗಳ ಫೋಟೊ ತೆಗೆದು ಬರೀ ಹೆಸರು ಇಟ್ಟೆ. ಎಲ್ಲ ಎಡಕ್ಕೆ ಸಾಲಾಗಿ. ಅಮ್ಮನಿಗೆ ದೂರದಿಂದ ತೋರಿಸಿದೆ, ಮೊದಲು ಓದಿದ್ದು "ಕನ್ನಡ ಕವಿಗೋಷ್ಠಿ", ಆಮೇಲೆ "ನವೆಂಬರ್ 1".

ಬಿಳಿ ಜಾಗ

ತುಂಬಾ ಚೆನ್ನಾಗಿ ಬಂದಿದೆ! ಒಂದೇ ಒಂದು ತಿದ್ದುಪಡಿ. 'ಕನ್ನಡ' ಮೇಲಿನ ಸಾಲು, 'ಕವಿಗೋಷ್ಠಿ' ಕೆಳಗಿನ ಸಾಲು, ಎರಡೂ ಒಂದೇ ಅಳತೆ, ಎಡಕ್ಕೆ ಸರಿಯಾಗಿ ಕೂತಿವೆ. ಹಾಗಾಗಿ 'ನ್ನ'ದ ಒತ್ತು ನೇರವಾಗಿ ಕೆಳಗಿನ 'ವಿ'ಯ ಗುಡಿಸಿನ ಮೇಲೆ ಇಳಿದು ತಾಗುತ್ತಿದೆ. ಸಾಲಿನ ಅಂತರ ಇಂಗ್ಲಿಷಿಗೆ ಇರುವ ಲೆಕ್ಕದಲ್ಲೇ ಬಿಟ್ಟಿದ್ದೀರಿ ಅನ್ನಿಸುತ್ತದೆ, ಕನ್ನಡಕ್ಕೆ ಅದು ಸಾಲದು. ನಾನು ಸಾಮಾನ್ಯವಾಗಿ 14 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 20 ಪಾಯಿಂಟ್ ಇಡುತ್ತೇನೆ, ಅದೇ ಪ್ರಮಾಣ ಹಿಡಿದು ನೋಡಿ.

ತುಂಗೆಯ ದಡ

ಹೌದು ಅಕ್ಕ, ದೊಡ್ಡದು ಮಾಡಿ ನೋಡಿದೆ, ತಾಗಿದೆ. ಈಗ ಕೆಳಗಿನ ಸಾಲನ್ನು ಇಳಿಸಿ ಮತ್ತೆ ಹಾಕುತ್ತೇನೆ.