ಪದ ಬೇಕು (ತುರ್ತು): ಎರಾಡಿಕೇಶನ್, ಎಲಿಮಿನೇಶನ್, ಗಿನಿ ವರ್ಮ್ – ಜಿಮ್ಮಿ ಕಾರ್ಟರ್ ಫಲಕಕ್ಕೆ

ಕಲಬುರಗಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ವಿಷಯ ಜಿಮ್ಮಿ ಕಾರ್ಟರ್. ಅವರು ಅಮೆರಿಕದ ಅಧ್ಯಕ್ಷರಾಗಿದ್ದದ್ದು ನಾಲ್ಕೇ ವರ್ಷ, 1977ರಿಂದ 1981ರವರೆಗೆ. 1982ರಲ್ಲಿ ಹೆಂಡತಿ ರೋಸಲಿನ್ ಜೊತೆ ಅಟ್ಲಾಂಟಾದಲ್ಲಿ ಕಾರ್ಟರ್ ಸೆಂಟರ್ ಕಟ್ಟಿದರು. ಸಂಧಾನ, ಚುನಾವಣೆ ವೀಕ್ಷಣೆ, ರೋಗಗಳ ವಿರುದ್ಧದ ಕೆಲಸ ಎಲ್ಲ ಅಲ್ಲಿಂದ ನಡೆಯಿತು. ನನ್ನ ಫಲಕ ಈ ಎರಡನೇ ಭಾಗದ್ದು. ನಾಳೆ ಹನ್ನೊಂದು ಗಂಟೆಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಒಂದು ಪ್ಯಾರಾದಲ್ಲಿ ಸಿಕ್ಕಿಕೊಂಡಿದ್ದೇನೆ. ಆಫ್ರಿಕಾದ ಗಿನಿ ವರ್ಮ್ ಎನ್ನುವ ಹುಳುವಿನ ರೋಗದ ಬಗ್ಗೆ ಹೇಳುವಾಗ ಎರಾಡಿಕೇಶನ್ ಎನ್ನುತ್ತಾರೆ. ಕೊಲಂಬಿಯಾ, ಈಕ್ವೆಡಾರ್, ಮೆಕ್ಸಿಕೊ, ಗ್ವಾಟೆಮಾಲಾಗಳಲ್ಲಿ ಕಣ್ಣು ಕಳೆಯುವ ರೋಗವಾದ ರಿವರ್ ಬ್ಲೈಂಡ್‌ನೆಸ್ ನಿಂತದ್ದಕ್ಕೆ ಎಲಿಮಿನೇಶನ್ ಎನ್ನುತ್ತಾರೆ. ಮೊದಲನೆಯದು ಭೂಮಿಯ ಮೇಲೆ ಎಲ್ಲೂ ಇಲ್ಲದ ಹಾಗೆ ಮಾಡುವುದು. ಎರಡನೆಯದು ಒಂದು ದೇಶದಲ್ಲೋ ಸೀಮೆಯಲ್ಲೋ ಇಲ್ಲದ ಹಾಗೆ ಮಾಡುವುದು. ಕನ್ನಡದಲ್ಲಿ ಬೇರೆ ಬೇರೆ ಪದ ಇದೆಯಾ? ಗಿನಿ ವರ್ಮ್‌ಗೂ ಒಂದು ಹೆಸರು ಬೇಕು.

ಮೈಸೂರಿನಿಂದ

ನಿರ್ಮೂಲನೆ. ಎರಡಕ್ಕೂ ಅದೇ. ಗಿನಿ ವರ್ಮ್‌ಗೆ "ಗಿನಿ ಹುಳು" ಸಾಕು. ಇದರಲ್ಲಿ ಚರ್ಚೆಗೆ ಏನಿದೆ? ಸರ್ಕಾರವೇ ಹಾಗೆ ಬಳಸುತ್ತಿದೆ.

ಕಲಬುರಗಿಯಿಂದ

ಸಾರ್, ಸರ್ಕಾರ ಹಾಗೆ ಬಳಸುತ್ತಿರುವುದರಿಂದಲೇ ಕೇಳಿದೆ. ಕುಷ್ಠರೋಗದ ಕಾರ್ಯಕ್ರಮದ ಇಂಗ್ಲಿಷ್ ಹೆಸರಿನಲ್ಲಿ ಎರಾಡಿಕೇಶನ್ ಇದೆ. ಕ್ಷಯರೋಗದ್ದರಲ್ಲಿ ಎಲಿಮಿನೇಶನ್ ಇದೆ. ಕನ್ನಡದಲ್ಲಿ ಎರಡೂ "ನಿರ್ಮೂಲನಾ ಕಾರ್ಯಕ್ರಮ". 2005ರ ಡಿಸೆಂಬರ್‌ನಲ್ಲಿ ಭಾರತ ಕುಷ್ಠದ ಎಲಿಮಿನೇಶನ್ ಗುರಿ ಮುಟ್ಟಿತು. ಅಂದರೆ ಹತ್ತು ಸಾವಿರ ಜನಕ್ಕೆ ಒಬ್ಬರಿಗಿಂತ ಕಡಿಮೆ ರೋಗಿಗಳು, ಅಷ್ಟೇ. ಹೊಸ ರೋಗಿಗಳು ಈಗಲೂ ಇದ್ದಾರೆ. "ಕುಷ್ಠ ನಿರ್ಮೂಲನೆಯಾಯಿತು" ಎಂದು ಓದಿದವರಿಗೆ ರೋಗ ಪೂರ್ತಿ ಹೋಯಿತು ಅನ್ನಿಸುತ್ತದೆ. ಮೈಮೇಲೆ ಸ್ಪರ್ಶ ಇಲ್ಲದ ಮಚ್ಚೆ ಕಂಡರೂ ಡಾಕ್ಟರಿಗೆ ತೋರಿಸಲ್ಲ. ಮಕ್ಕಳು ಓದುವ ಫಲಕದಲ್ಲಿ ಆ ತಪ್ಪು ನನ್ನಿಂದ ಆಗಬಾರದು.

ಬೆಂಗಳೂರಿನಿಂದ

ಮೇಡಂ, ನಿಮ್ಮ ಪ್ರಶ್ನೆ ಸರಿಯಾಗಿದೆ. ಉತ್ತರ ಸಂಸ್ಕೃತದಲ್ಲಿ ಹುಡುಕುತ್ತಿರುವುದು ಸರಿಯಿಲ್ಲ. ಎರಾಡಿಕೇಶನ್ ಒಳಗೆ ಇರುವುದು ಲ್ಯಾಟಿನ್ನಿನ ರಾಡಿಕ್ಸ್, ಅಂದರೆ ಬೇರು. ನಿರ್ಮೂಲನೆಯ ಮೂಲವೂ ಬೇರೇ. ನಮ್ಮದೇ ಬೇರು ಇರುವಾಗ ಇನ್ನೊಬ್ಬರ ಬೇರು ಯಾಕೆ? "ಬೇರುಕೀಳಿಕೆ" ಎನ್ನಿ. ಎಲಿಮಿನೇಟ್ ಒಳಗೆ ಲಿಮೆನ್ ಇದೆ, ಅಂದರೆ ಹೊಸ್ತಿಲು. ಹೊಸ್ತಿಲಿನ ಆಚೆ ಅಟ್ಟುವುದು. ಅದಕ್ಕೆ "ಹೊರಗಟ್ಟಿಕೆ". ನಿಮಗೆ ಬೇಕಾದ ವ್ಯತ್ಯಾಸ ಎರಡು ಪದಗಳಲ್ಲೇ ಇದೆ. ಒಂದರಲ್ಲಿ ಗಿಡವೇ ಇಲ್ಲ. ಇನ್ನೊಂದರಲ್ಲಿ ಅದು ಮನೆಯಿಂದ ಆಚೆ ಹೋಗಿದೆ, ತಿರುಗಿ ಬರಬಹುದು.

ರಿವರ್ ಬ್ಲೈಂಡ್‌ನೆಸ್‌ಗೆ "ಹೊಳೆಗುರುಡು". ಇರುಳುಗುರುಡು ಇದೆಯಲ್ಲ, ಅದೇ ಜಾಡು. ಇನ್ನೊಂದು ಮಾತು. ಫಲಕದಲ್ಲಿ "ಮಾಜಿ ಅಧ್ಯಕ್ಷ" ಎಂದು ದಯವಿಟ್ಟು ಬರೆಯಬೇಡಿ. ಮಾಜಿ ಅರಬ್ಬಿಯಿಂದ ಬಂದದ್ದು. "ಹಿಂದಿನ ಅಧ್ಯಕ್ಷ" ಎಂದರೆ ಸಾಕು.

ಮೈಸೂರಿನಿಂದ

ಹೊರಗಟ್ಟಿಕೆ ಯಾರ ಬಾಯಲ್ಲೂ ಇಲ್ಲ. ಮಕ್ಕಳಿಗೆ ಹೊರಗೆ ಕಟ್ಟುವುದು ಅಂತ ಕೇಳಿಸುತ್ತದೆ. ಇರುಳುಗುರುಡಿನಲ್ಲಿ ಇರುಳು ಎಂದರೆ ಕಣ್ಣು ಕಾಣದ ಹೊತ್ತು. ಹೊಳೆಗುರುಡಿನಲ್ಲಿ ಹೊಳೆ ಎಂದರೆ ರೋಗ ಹರಡುವ ನೊಣ ಬೆಳೆಯುವ ಜಾಗ. ಜಾಡು ಒಂದೇ ಅಲ್ಲ.

ರಾಯಚೂರಿನಿಂದ

ನಾನು ಕಿರಿಯ ಆರೋಗ್ಯ ಸಹಾಯಕನಾಗಿ ನಿವೃತ್ತನಾದವನು. ವ್ಯಾಕರಣ ಹೆಚ್ಚು ಗೊತ್ತಿಲ್ಲ. ಆದರೆ ಈ ಹುಳುವನ್ನು ಕಣ್ಣಾರೆ ಕಂಡಿದ್ದೇನೆ. ಇದು ಬರೀ ಆಫ್ರಿಕಾದ ರೋಗ ಅಲ್ಲ ಮೇಡಂ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರ, ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ತಮಿಳುನಾಡು, ಎಲ್ಲ ಕಡೆ ಇತ್ತು. ನಮ್ಮ ಕಡೆ ಇದಕ್ಕೆ ಹೆಸರು ನಾರುಹುಣ್ಣು. ಗಿನಿ ಹುಳು ಎಂದರೆ ಜನ ಮುಖ ನೋಡುತ್ತಿದ್ದರು. ನಾರುಹುಣ್ಣು ಎಂದರೆ ಅಜ್ಜಿಯಂದಿರು ಕೂಡ ಸೀರೆ ಸರಿಸಿ ಕಾಲು ತೋರಿಸುತ್ತಿದ್ದರು.

ಮೆಟ್ಟಿಲುಬಾವಿಗಳಿಂದ ಬರುತ್ತಿತ್ತು. ಆ ನೀರಿನಲ್ಲಿ ಸೈಕ್ಲಾಪ್ಸ್ ಎನ್ನುವ ಬಹಳ ಸಣ್ಣ ಜೀವಿ ಇರುತ್ತದೆ. ಅದರ ಹೊಟ್ಟೆಯಲ್ಲಿ ಈ ಹುಳುವಿನ ಮರಿ. ನೀರು ಕುಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಸುಮಾರು ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಬಿಳಿ ದಾರದ ಹಾಗೆ ತುದಿ ಕಾಣುತ್ತದೆ. ಒಂದು ಮೀಟರ್‌ವರೆಗೂ ಉದ್ದ ಇರುತ್ತದೆ. ಎಳೆದರೆ ತುಂಡಾಗಿ ಕೀವು ತುಂಬುತ್ತದೆ. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ತೆಗೆಯಬೇಕು. ಬೆಂಕಿ ಇಟ್ಟ ಹಾಗೆ ಉರಿ. ಉರಿ ತಾಳದೆ ರೋಗಿ ಬಾವಿಗೆ ಇಳಿದು ಕಾಲು ಅದ್ದುತ್ತಾನೆ. ಆಗ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಇದಕ್ಕೆ ಲಸಿಕೆ ಇಲ್ಲ, ಗುಣ ಮಾಡುವ ಔಷಧಿಯೂ ಇಲ್ಲ. ಬಟ್ಟೆ ಎರಡು ಪದರ ಮಾಡಿ ನೀರು ಸೋಸಿ ಅಂತ ಹೇಳುತ್ತಿದ್ದೆವು. ಸೈಕ್ಲಾಪ್ಸ್ ಸಾಯಲಿ ಎಂದು ಬಾವಿಗೆ ಟೆಮಿಫಾಸ್ ಎನ್ನುವ ಕೀಟನಾಶಕ ಹಾಕುತ್ತಿದ್ದೆವು. ಇಳಿದು ನೀರು ತರುವ ಬಾವಿಗಳನ್ನು ಸೇದುವ ಬಾವಿ ಮಾಡಿಸಿದರು.

ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಇದು ಇಲ್ಲ ಎಂದು ಒಪ್ಪಿತು. ಆಗ ನಮ್ಮ ಹಳ್ಳಿಗಳಲ್ಲಿ ನಿರ್ಮೂಲನೆ ಎಂದು ಯಾರೂ ಹೇಳಲಿಲ್ಲ. "ನಾರುಹುಣ್ಣು ತೊಲಗಿತು" ಎಂದರು. ಆಫ್ರಿಕಾದಲ್ಲಿ ಇನ್ನೂ ಇದ್ದದ್ದು ಅವರಿಗೂ ಗೊತ್ತಿತ್ತು, ನಾವೇ ಹೇಳಿದ್ದೆವು.

ಧಾರವಾಡದಿಂದ

ರಾಯಚೂರಿನವರಿಗೆ ಕೈ ಮುಗಿದೆ. ನಾರುಹುಣ್ಣು, ಅದೇ ಪದ. ಗಿನಿ ಹುಳು ಅನ್ನುವವರು ಮನೆಯ ಮಾತು ಬಿಟ್ಟು ಯುರೋಪಿನವರು ಇಟ್ಟ ಹೆಸರು ಹಿಡಿದಿದ್ದಾರೆ.

ಆದರೆ ಒಂದು ಎಚ್ಚರಿಕೆ. ಈ ನಾರು ನಮ್ಮ ಬಾಳೆನಾರಿನ ನಾರು ಎಂದು ಸುಮ್ನೆ ನಂಬಬೇಡಿ. ಆಯುರ್ವೇದದಲ್ಲಿ ಈ ರೋಗ ಸ್ನಾಯುಕ. ಸ್ನಾಯುವಿಗೆ ಪಾಲಿಯಲ್ಲಿ ನಹಾರು. ಹಿಂದಿಯಲ್ಲಿ ಈ ಹುಳುವಿಗೆ ನಹರುವಾ, ನಾರೂ. ಮರಾಠಿಯಲ್ಲೂ ನಾರೂ. ಉತ್ತರದಿಂದ ಮರಾಠಿಯ ದಾರಿಯಲ್ಲಿ ಬಂದು, ನಮ್ಮಲ್ಲಿದ್ದ ನಾರಿನ ಜೊತೆ ಸೇರಿಕೊಂಡಿದೆ ಎನ್ನುವುದು ನನ್ನ ವಾದ.

ಬೆಂಗಳೂರಿನಿಂದ

ಒಪ್ಪುವುದಿಲ್ಲ. ನಾರು ತಮಿಳಿನಲ್ಲೂ ಇದೆ. ಹುಣ್ಣು ತಮಿಳಿನ ಪುಣ್, ಪಕಾರ ಹಕಾರವಾದದ್ದು. ಎರಡೂ ಅಚ್ಚ ದ್ರಾವಿಡ. ತೆಲುಗಿನಲ್ಲಿ ನಾರಿಕುರುಪು, ಕುರುಪು ಎಂದರೂ ಹುಣ್ಣು. ಹುಳು ನೋಡಲು ನಾರಿನ ಹಾಗೇ ಇದೆ. ಕಣ್ಣ ಮುಂದೆ ಇರುವುದನ್ನು ಬಿಟ್ಟು ಪಾಲಿವರೆಗೆ ಯಾಕೆ ಹೋಗಬೇಕು? ಎಲ್ಲ ಒಳ್ಳೆಯ ಪದವೂ ಹೊರಗಿನಿಂದಲೇ ಬರಬೇಕು ಎನ್ನುವ ಈ ಅಭ್ಯಾಸ ನಿಲ್ಲಬೇಕು.

ಧಾರವಾಡದಿಂದ

ತಮಿಳಿನಲ್ಲಿ ಇದೇ ರೋಗ ನರಂಬುಚ್ಚಿಲಂದಿ. ಅಲ್ಲಿ ನಾರು ಇಲ್ಲ, ನರ ಇದೆ. ಸ್ನಾಯು, ನರ, ಒಂದೇ ಕಲ್ಪನೆ. ಇದಕ್ಕೆ ಉತ್ತರ ಕೊಡಿ, ಆಮೇಲೆ ಅಭ್ಯಾಸದ ಮಾತು.

ಮೈಸೂರಿನಿಂದ

ಮೇಡಂಗೆ ನಾಳೆ ಹನ್ನೊಂದಕ್ಕೆ ಬೇಕು. ಇಬ್ಬರೂ ಬೇರೆ ಓಲೆಯಲ್ಲಿ ಜಗಳ ಆಡಿ. ನಾನು "ಗಿನಿ ಹುಳು" ವಾಪಸ್ ತೆಗೆದುಕೊಳ್ಳುತ್ತೇನೆ. "ನಾರುಹುಣ್ಣು ನಿರ್ಮೂಲನೆ" ಎಂದು ಮಾತ್ರ ಸೇರಿಸಿ ಬರೆಯಬೇಡಿ, ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ ಅರಿಸಮಾಸ ಆಗುತ್ತದೆ. "ನಾರುಹುಣ್ಣಿನ ನಿರ್ಮೂಲನೆ" ಎಂದು ಬಿಡಿಸಿ.

ಕಲಬುರಗಿಯಿಂದ

ಎಲ್ಲರಿಗೂ ಥ್ಯಾಂಕ್ಸ್. ರಾಯಚೂರಿನ ಸಾರ್, ನೀವು ಬರೆದದ್ದನ್ನು ನಮ್ಮ ಅತ್ತೆಗೆ ಓದಿ ಹೇಳಿದೆ. ಅವರ ತಂದೆಗೆ ಎರಡೂ ಕಾಲಿನಲ್ಲಿ ಬಂದಿತ್ತಂತೆ. ಮನೆಯಲ್ಲೇ ಇದ್ದ ಪದಕ್ಕೆ ನಾನು ಊರೆಲ್ಲ ಕೇಳಿದ ಹಾಗಾಯಿತು.

ಇನ್ನೊಂದು ಸಾಲು ಉಳಿದಿದೆ. 1995ರಲ್ಲಿ ಸೂಡಾನ್‌ನಲ್ಲಿ ಒಳಯುದ್ಧ ನಡೆಯುತ್ತಿದ್ದಾಗ ಕಾರ್ಟರ್ ಎರಡೂ ಕಡೆಯವರನ್ನು ಒಪ್ಪಿಸಿ ಸುಮಾರು ಆರು ತಿಂಗಳು ಗುಂಡಿನ ಸದ್ದು ನಿಲ್ಲಿಸಿದರು. ಆರೋಗ್ಯ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಲಿ, ನೀರು ಸೋಸುವ ಬಟ್ಟೆ ಹಂಚಲಿ ಎಂದು. ಅದಕ್ಕೆ ಗಿನಿ ವರ್ಮ್ ಸೀಸ್‌ಫೈರ್ ಎನ್ನುತ್ತಾರೆ. "ನಾರುಹುಣ್ಣಿನ ಕದನವಿರಾಮ" ಎಂದರೆ ಹುಣ್ಣುಗಳೇ ಕಾದಾಡಿದ ಹಾಗೆ ಕೇಳುತ್ತದೆ.

ಬೆಂಗಳೂರಿನಿಂದ

"ನಾರುಹುಣ್ಣಿಗಾಗಿ ಕಾಳಗಕ್ಕೆ ಬಿಡುವು." ಷಷ್ಠಿ ಬೇಡ, ಚತುರ್ಥಿ ಹಾಕಿ. ಮಾಜಿ ತೆಗೆದಿರಾ?

ಧಾರವಾಡದಿಂದ

ಚತುರ್ಥಿ ಸರಿ. ಕಾಳಗಕ್ಕೆ ಬಿಡುವು ಬೇಡ, ಕದನವಿರಾಮ ದಿನಾ ಪೇಪರಿನಲ್ಲಿ ಓದುವ ಪದ. ಮಾಜಿ ತೆಗೆಯಬೇಕಾದರೆ ಹಾಲಿ, ಅರ್ಜಿ, ಜಿಲ್ಲೆ, ತಾಲೂಕು ಎಲ್ಲ ತೆಗೆಯಿರಿ. ರಾಜಿಯನ್ನೂ ತೆಗೆಯಿರಿ. 1978ರಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟಿನ ಸಾದತ್, ಇಸ್ರೇಲಿನ ಬೆಗಿನ್ ನಡುವೆ ಹದಿಮೂರು ದಿನ ಕೂತು ಇದೇ ಕಾರ್ಟರ್ ಮಾಡಿಸಿದ್ದು ರಾಜಿ ಅಲ್ಲದೆ ಇನ್ನೇನು? ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪದ ತೋರಿಸಿ.

ಬೆಂಗಳೂರಿನಿಂದ

ಹೊಂದಾಣಿಕೆ.

ಧಾರವಾಡದಿಂದ

ಹೊಂದಾಣಿಕೆ ಗಂಡ ಹೆಂಡತಿ ಮಾಡಿಕೊಳ್ಳುವುದು. ರಾಜಿಗೆ ನಡುವೆ ಕೂರುವ ಮೂರನೆಯವರು ಬೇಕು.

ಕಲಬುರಗಿಯಿಂದ

ಬೆಂಗಳೂರಿನ ಸಾರ್, ಬೇಜಾರು ಮಾಡಿಕೊಳ್ಳಬೇಡಿ. ಮಾಜಿ ಇರಲಿ. ನಮ್ಮದು ನಿಜಾಮರ ಆಳ್ವಿಕೆಯಲ್ಲಿದ್ದ ಸೀಮೆ. ಇಲ್ಲಿ ಈ ಪದಗಳು ನಮ್ಮ ತಾತ ಮುತ್ತಾತಂದಿರ ಬಾಯಲ್ಲೇ ಇದ್ದವು, ನನಗೆ ಹೊರಗಿನವು ಅನ್ನಿಸುವುದಿಲ್ಲ. "ಹಿಂದಿನ ಅಧ್ಯಕ್ಷ" ಎಂದರೆ ಈಗಿನವರಿಗಿಂತ ಸರಿಯಾಗಿ ಹಿಂದೆ ಇದ್ದವರು ಎಂದು ಮಕ್ಕಳು ತಿಳಿಯುತ್ತಾರೆ. ಹೊಳೆಗುರುಡು ತೆಗೆದುಕೊಂಡಿದ್ದೇನೆ, ನನಗೆ ತುಂಬಾ ಇಷ್ಟವಾಯಿತು. ಹೊರಗಟ್ಟಿಕೆಯ ಜಾಗದಲ್ಲಿ ರಾಯಚೂರಿನವರ ತೊಲಗು. ಒಂದು ದೇಶದಿಂದ ಹೋದರೆ ತೊಲಗಿತು. ಲೋಕದಿಂದಲೇ ಹೋದರೆ ಮಾತ್ರ ನಿರ್ಮೂಲನೆ. ಫಲಕದ ಬರಹ ಹೀಗಿದೆ:

"ಜಿಮ್ಮಿ ಕಾರ್ಟರ್ (1924–2024), ಅಮೆರಿಕದ ಮಾಜಿ ಅಧ್ಯಕ್ಷ. 2002ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. 1986ರಲ್ಲಿ ಅವರ ಸಂಸ್ಥೆ ನಾರುಹುಣ್ಣಿನ ವಿರುದ್ಧ ಕೆಲಸಕ್ಕೆ ಇಳಿದಾಗ ಲೋಕದಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಈ ರೋಗ ಬರುತ್ತಿತ್ತು. 1995ರಲ್ಲಿ ಸೂಡಾನ್‌ನಲ್ಲಿ ನಾರುಹುಣ್ಣಿಗಾಗಿ ಕದನವಿರಾಮ ಮಾಡಿಸಿದರು. ಅಮೆರಿಕ ಖಂಡದ ನಾಲ್ಕು ದೇಶಗಳಿಂದ ಹೊಳೆಗುರುಡು ತೊಲಗಲು ಅವರ ಸಂಸ್ಥೆ ದುಡಿಯಿತು. ಭಾರತದಿಂದ ನಾರುಹುಣ್ಣು ತೊಲಗಿದೆ. ಲೋಕದಿಂದ ಇನ್ನೂ ನಿರ್ಮೂಲನೆಯಾಗಿಲ್ಲ. ತಾನು ಸಾಯುವ ಮೊದಲು ಕೊನೆಯ ಹುಳು ಸಾಯಬೇಕು ಎಂದು ಕಾರ್ಟರ್ 2015ರಲ್ಲಿ ಹೇಳಿದ್ದರು. ಅವರು ತೀರಿಕೊಂಡ 2024ರಲ್ಲಿ ಇಡೀ ಲೋಕದಲ್ಲಿ ಇದ್ದ ರೋಗಿಗಳು 15."

ರಾಯಚೂರಿನಿಂದ

ಚೆನ್ನಾಗಿದೆ ಮೇಡಂ. "ನಾರುಹುಣ್ಣು" ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ. ವಯಸ್ಸಾದವರು ಪ್ರದರ್ಶನಕ್ಕೆ ಬಂದರೆ ನಿಂತು ಓದುತ್ತಾರೆ. ಮಕ್ಕಳು ಅವರನ್ನೇ ಕೇಳಲಿ, ಹೇಗಿತ್ತು ಅಂತ.