ಒಬ್ಬರೇ ಇದ್ದ ಬಾಡಿಗೆದಾರರು ತೀರಿಕೊಂಡು ಕೆಲವು ದಿನ ಆಗಿತ್ತು. ಆ ಖೋಲಿ ತೊಳೆಯೋರು ಯಾರು?

ಹಳೇಹುಬ್ಬಳ್ಳಿ_ಮನೆ:

ಎಲ್ಲರಿಗೂ ನಮಸ್ಕಾರ. ಊಟ ಮಾಡ್ತಾ ಓದುತ್ತಿದ್ದರೆ ಆಮೇಲೆ ಓದಿ, ಸ್ವಲ್ಪ ಕಷ್ಟದ ವಿಷಯ.

ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಹಿತ್ತಲ ಕಡೆಯ ಎರಡು ಖೋಲಿ ಬಾಡಿಗೆಗೆ ಕೊಟ್ಟಿದ್ದೆವು. ನಿವೃತ್ತ ಮಾಸ್ತರು ಒಬ್ಬರೇ ಇದ್ದರು. ಬಹಳ ಸಭ್ಯ ಮನುಷ್ಯ, ಬಾಡಿಗೆ ಕೇಳುವ ಪ್ರಸಂಗವೇ ಬಂದಿರಲಿಲ್ಲ. ನಾವು ಊರಲ್ಲಿ ಇರಲಿಲ್ಲ. ಅವರು ತೀರಿಕೊಂಡದ್ದು ಪಕ್ಕದ ಮನೆಯವರಿಗೆ ಗೊತ್ತಾಗಿದ್ದೇ ವಾಸನೆಯಿಂದ. ಬೇಸಿಗೆ ಬೇರೆ. ಪೊಲೀಸರು ಬಂದು ಪಂಚನಾಮೆ ಮಾಡಿದರು, ದೇಹವನ್ನು ಪೋಸ್ಟ್‌ಮಾರ್ಟಂಗೆ ಕಿಮ್ಸ್‌ಗೆ ಒಯ್ದರು. ಹೊರರಾಜ್ಯದಲ್ಲಿದ್ದ ಮಗ ಬಂದು ಅಂತ್ಯಕ್ರಿಯೆ ಮುಗಿಸಿದ್ದಾರೆ. ಹೃದಯಾಘಾತ ಇರಬಹುದು ಅಂತ ಎಲ್ಲರೂ ಹೇಳುತ್ತಿದ್ದಾರೆ.

ಈಗ ಉಳಿದಿರೋದು ಖೋಲಿ. ಗಾದಿ ಪೂರ್ತಿ ನೆನೆದಿದೆ, ಅದರ ಕೆಳಗೆ ಫರ್ಸಿಯ ಸಂದುಗಳಿಗೂ ಇಳಿದಿದೆ. ಮನೆಯವರು ಬಾಗಿಲಲ್ಲೇ ನಿಂತು ಫಿನೈಲ್ ಸುರಿದರು, ಲೋಬಾನ ಹಾಕಿದರು, ಏನೂ ಉಪಯೋಗ ಆಗಲಿಲ್ಲ. ಮನೆ ಕ್ಲೀನಿಂಗ್ ಮಾಡುವವರಿಗೆ ಫೋನ್ ಮಾಡಿದರೆ ವಿಷಯ ಕೇಳಿದ ಕೂಡಲೇ ಆಗಲ್ಲ ಅನ್ನುತ್ತಾರೆ. ಓಣಿಯ ಹಿರಿಯರೊಬ್ಬರ ಸಲಹೆ ಏನಂದರೆ, ಕಸ ಗುಡಿಸುವವರಲ್ಲಿ ಒಬ್ಬನಿಗೆ ಕ್ವಾರ್ಟರ್ ಕೊಡಿಸಿ ಕೈಯಲ್ಲಿ ಒಂದಿಷ್ಟು ದುಡ್ಡು ಇಟ್ಟರೆ ಬೆಳಗಾಗೋದರೊಳಗೆ ತೊಳೆದು ಕೊಡುತ್ತಾನಂತೆ. ನನಗೆ ಅದು ಯಾಕೋ ಸರಿ ಅನ್ನಿಸುತ್ತಿಲ್ಲ.

ಇಂಥ ಕೆಲಸಕ್ಕೇ ಅಂತ ಯಾರಾದರೂ ಇದ್ದಾರಾ? ನಾವೇ ಮಾಡಬಹುದಾ? ಪೊಲೀಸರನ್ನು ಇನ್ನೊಮ್ಮೆ ಕೇಳಬೇಕಾ?

ಕರಿಕೋಟು_ಧಾರವಾಡ:

ಕೊನೇ ಪ್ರಶ್ನೆಗೆ ಮೊದಲು ಉತ್ತರ: ಹೌದು, ಕೇಳಲೇಬೇಕು. ಕೇಳೋವರೆಗೆ ಪೊರಕೆ ಮುಟ್ಟಬೇಡಿ.

ಪಂಚನಾಮೆ ಆಯಿತು ಅಂದರೆ ಖೋಲಿ ನಿಮ್ಮ ಕೈಗೆ ಬಂತು ಅಂತ ಅರ್ಥ ಅಲ್ಲ. ಇದು ಯುಡಿಆರ್ (ಅಸಹಜ ಮರಣ ವರದಿ) ಕೇಸ್ ಆಗಿರುತ್ತದೆ, 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 194ರ ಅಡಿ, ಮೊದಲು ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 174 ಇತ್ತಲ್ಲ, ಅದೇ. ಹೃದಯಾಘಾತ ಅಂತ ಓಣಿಯವರು ಹೇಳಿದರೆ ಆಗಲಿಲ್ಲ, ವೈದ್ಯರು ಹೇಳಬೇಕು. ಒಳಾಂಗಗಳನ್ನು ಪರೀಕ್ಷೆಗೆ ಕಳಿಸಿದ್ದರೆ ವರದಿ ಬರೋಕೆ ತಡವಾಗುತ್ತದೆ. ಹಾಗಂತ ಅಲ್ಲಿಯವರೆಗೂ ಮನೆ ಮುಚ್ಚಿಡಬೇಕು ಅಂತಿಲ್ಲ, ತನಿಖೆ ಮಾಡುವವರಿಗೆ ಸ್ಥಳ ಇನ್ನು ಬೇಡ ಅನ್ನಿಸಿದರೆ ಬಿಡುತ್ತಾರೆ. ಠಾಣೆಗೆ ಒಂದು ಅರ್ಜಿ ಬರೆದುಕೊಡಿ: ಇಂಥ ಮನೆ, ಸ್ವಚ್ಛ ಮಾಡಿಸಬೇಕಾಗಿದೆ, ಅನುಮತಿ ಕೊಡಿ ಅಂತ. ಸ್ವೀಕೃತಿ ಸಹಿ ತಗೊಳ್ಳಿ. ಬಾಯಿಮಾತಿನಲ್ಲಿ "ಮಾಡ್ಕೊಳ್ರಿ" ಅಂದರೆ ಅದನ್ನು ನಂಬಿಕೊಂಡು ಹೋಗಬೇಡಿ, ಆ ಸಾಹೇಬರು ನಾಳೆ ವರ್ಗಾ ಆಗಬಹುದು.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಮುಂದೆ ಏನಾದರೂ ಸಂಶಯ ಎದ್ದರೆ ತೊಳೆದವರನ್ನೇ ಮೊದಲು ಪ್ರಶ್ನೆ ಮಾಡುತ್ತಾರೆ. ಅಪರಾಧಿಯನ್ನು ಉಳಿಸುವುದಕ್ಕೆ ಸಾಕ್ಷ್ಯ ಅಳಿಸಿದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 238ರ ಅಡಿ ಅಪರಾಧ. ನಿಮ್ಮದು ಹಾಗಲ್ಲ, ಸುಮ್ನೆ ಯಾಕೆ ಠಾಣೆ ಮೆಟ್ಟಿಲು? ಇನ್ನೊಂದು ತಮಾಷೆ ಕೇಳಿ. ರಕ್ತ ಹುಡುಕೋಕೆ ಹಾಕುವ ಲುಮಿನಾಲ್ ರಕ್ತಕ್ಕೂ ಹೊಳೆಯುತ್ತದೆ, ಬ್ಲೀಚ್‌ಗೂ ಹೊಳೆಯುತ್ತದೆ. ಅವಸರದಲ್ಲಿ ಬ್ಲೀಚಿಂಗ್ ಪೌಡರ್ ಎರಚಿದರೆ ಲ್ಯಾಬಿನವರಿಗೆ ಗೊಂದಲ, ನಿಮಗೆ ಫಜೀತಿ. ಕೊಲೆಯಂಥ ಕೇಸಾದರೆ ಇನ್ನೂ ಬಿಗಿ: ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಅಂತ ಬಿಎನ್‌ಎಸ್‌ಎಸ್ ಕಲಂ 176(3) ಹೇಳುತ್ತದೆ. ಆದರೆ ಯಾವ ಕೇಸಿನಲ್ಲೂ ತೊಳೆದು ಕೊಡುವುದು ಪೊಲೀಸರ ಕೆಲಸ ಅಲ್ಲ. ಅವರು ಎತ್ತಿಕೊಂಡು ಹೋಗೋದು ಸಾಕ್ಷ್ಯ, ಉಳಿದದ್ದೆಲ್ಲ ಮನೆಯವರ ಪಾಲು.

ಮಾಸ್ತರ ಸಾಮಾನು ಅವರ ವಾರಸುದಾರರದು. ಮಗನ ಎದುರಿಗೇ ಪಟ್ಟಿ ಮಾಡಿ, ವಿಡಿಯೋ ಮಾಡಿ, ಎಸೆಯುವ ಗಾದಿಗೂ ಅವರ ಒಪ್ಪಿಗೆ ಬರೆಸಿಕೊಳ್ಳಿ. ಪಿಂಚಣಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕು ಗಾದಿ ಕೆಳಗೇ ಇಟ್ಟಿರುವ ಹಿರಿಯರು ಬಹಳ ಜನ, ನೋಡದೆ ಎಸೆಯಬೇಡಿ.

ವಾರ್ಡ್_ಸೂಪರ್‌ವೈಸರ್:

ನಾನು ಆಸ್ಪತ್ರೆ ಹೌಸ್‌ಕೀಪಿಂಗ್‌ನಲ್ಲಿ ಇರುವವನು. ವಾರ್ಡಿನಲ್ಲಿ ರಕ್ತ ಚೆಲ್ಲಿದಾಗ ನಾವು ಮಾಡೋದೂ ನಿಮ್ಮ ಕೆಲಸವೂ ಮೂಲದಲ್ಲಿ ಒಂದೇ. ಆದರೆ ಆಸ್ಪತ್ರೆ ನೆಲ ಹೀರಿಕೊಳ್ಳುವುದಿಲ್ಲ, ನಿಮ್ಮ ಫರ್ಸಿ ಹೀರಿಕೊಳ್ಳುತ್ತದೆ. ಇಡೀ ಕಷ್ಟ ಇರೋದು ಅಲ್ಲಿ.

ಫಿನೈಲ್ ಸುರಿಯೋದು ನಿಲ್ಲಿಸಿ. ಅದರ ಮೇಲೆ ಬ್ಲೀಚಿಂಗ್ ಹಾಕಬೇಡಿ, ಮೊದಲು ಸೋಪಿನ ನೀರಿನಿಂದ ಅದನ್ನು ತೆಗೆಯಬೇಕು. ಕಕ್ಕಸು ತೊಳೆಯುವ ಆ್ಯಸಿಡ್ ಅಂತೂ ಆ ಖೋಲಿ ಹತ್ತಿರವೂ ಒಯ್ಯಬೇಡಿ. ಆ್ಯಸಿಡ್‌ಗೆ ಬ್ಲೀಚ್ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಖೋಲಿಯಲ್ಲಿ ಪ್ರಾಣಕ್ಕೇ ಅಪಾಯ. ಕೊಳೆತ ದ್ರವದಲ್ಲಿ ಅಮೋನಿಯಾ ಇರುತ್ತದೆ, ಅದರ ಮೇಲೆ ನೇರವಾಗಿ ಬ್ಲೀಚ್ ಬಿದ್ದರೂ ಕಣ್ಣು, ಎದೆ ಉರಿಸುವ ಅನಿಲ ಬರುತ್ತದೆ. ಬಹಳ ಜನ ತಪ್ಪೋದು ಇಲ್ಲೇ: ಬ್ಲೀಚ್ ಕೊಳೆ ತೆಗೆಯೋ ವಸ್ತು ಅಲ್ಲ. ಕೊಳೆ ಇದ್ದರೆ ಅದರ ಶಕ್ತಿಯೆಲ್ಲ ಕೊಳೆಯ ಜೊತೆಗೇ ಖರ್ಚಾಗುತ್ತದೆ, ರೋಗಾಣು ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲು ಎತ್ತಬೇಕು, ಆಮೇಲೆ ಸೋಪಿನಿಂದ ಉಜ್ಜಿ ತೊಳೆಯಬೇಕು, ಕೊನೆಗೆ ಬ್ಲೀಚ್.

ತಣ್ಣೀರೇ ಬಳಸಿ. ಬಿಸಿನೀರು ಹಾಕಿದರೆ ರಕ್ತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪ್ರೆಶರ್ ಪಂಪ್ ಬೇಡ, ಒಣ ಪೊರಕೆಯೂ ಬೇಡ, ಎರಡೂ ಗಾಳಿಗೆ ಎಬ್ಬಿಸುತ್ತವೆ. ಕಿಟಕಿ ತೆರೆಯುವ ಮೊದಲು ಒಳಗಿನ ನೊಣಗಳಿಗೆ ಔಷಧ ಹೊಡೆಯಿರಿ, ಇಲ್ಲದಿದ್ದರೆ ಅದೇ ನೊಣ ಪಕ್ಕದ ಮನೆ ಅಡುಗೆಮನೆಗೆ ಹೋಗುತ್ತವೆ. ಹೊಡೆದು, ಹೊರಗೆ ಬಂದು, ಒಂದಿಷ್ಟು ಹೊತ್ತು ಬಿಟ್ಟು ಆಮೇಲೆ ಕಿಟಕಿ ತೆರೆಯಿರಿ.

ಬ್ಲೀಚಿಂಗ್ ಪೌಡರ್‌ನಲ್ಲಿ ಸಾಮಾನ್ಯವಾಗಿ 30ರಿಂದ 33 ಶೇಕಡಾ ಕ್ಲೋರಿನ್ ಇರುತ್ತದೆ. ಒಂದು ಲೀಟರ್ ನೀರಿಗೆ 30 ಗ್ರಾಂ ಕಲಸಿದರೆ ಸುಮಾರು 1 ಶೇಕಡಾ ದ್ರಾವಣ ಆಗುತ್ತದೆ. ಅವತ್ತಿಂದು ಅವತ್ತೇ ಕಲಸಿ. ಬಾಯಿ ಬಿಚ್ಚಿಟ್ಟ ಹಳೇ ಚೀಲದ ಪೌಡರ್ ಸುಣ್ಣಕ್ಕೆ ಸಮಾನ. ಹಾಕಿದ ಮೇಲೆ ನೆಲ ಕನಿಷ್ಠ ಹತ್ತು ನಿಮಿಷ ಒದ್ದೆಯಾಗೇ ಇರಬೇಕು. ಹಾಕಿ ತಕ್ಷಣ ಒರೆಸಿದರೆ ಹಾಕಿದ್ದು ದಂಡ.

ಮೈಮೇಲೆ: ಎರಡು ಜೊತೆ ಕೈಗವಸು (ಒಳಗೆ ನೈಟ್ರೈಲ್, ಹೊರಗೆ ದಪ್ಪ ರಬ್ಬರ್), ಗಮ್‌ಬೂಟು, ಕಣ್ಣಿಗೆ ಗಾಗಲ್, ಬಳಸಿ ಎಸೆಯುವ ಪೂರ್ತಿ ಗೌನು. ಎನ್95 ಕಣಗಳನ್ನು ತಡೆಯುತ್ತದೆ, ವಾಸನೆ ಮತ್ತು ಅನಿಲ ತಡೆಯುವುದಿಲ್ಲ, ಅದಕ್ಕೆ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕುತ್ತದೆ. ಈ ಕೆಲಸ ಮಾಡುವವರಿಗೆ ಅದರ ಲಸಿಕೆ ಆಗಿರಬೇಕು. ಅದು ಮೂರು ಡೋಸು, ಸೊನ್ನೆ, ಒಂದು ಮತ್ತು ಆರನೇ ತಿಂಗಳಿಗೆ. ಇವತ್ತು ಚುಚ್ಚಿಸಿಕೊಂಡು ನಾಳೆ ಕೆಲಸಕ್ಕೆ ಇಳಿದರೆ ಪ್ರಯೋಜನ ಇಲ್ಲ.

ಹಾಗಂತ ಓಣಿಯವರು "ರೋಗ ಹರಡುತ್ತದೆ" ಅಂತ ಗದ್ದಲ ಮಾಡಿದರೆ ಹೆದರಬೇಡಿ. ಸತ್ತ ದೇಹದಿಂದ ಓಣಿಗೆಲ್ಲ ಸಾಂಕ್ರಾಮಿಕ ಬರುವುದಿಲ್ಲ. ಅಪಾಯ ಇರೋದು ಮುಟ್ಟುವವರಿಗೆ.

ಮಾಳಮಡ್ಡಿ_ಹುಡುಗ:

ಗೋಮೂತ್ರ ಚಿಮುಕಿಸಿ ಹೋಮ ಮಾಡಿಸಿದರೆ ಸಾಕು ಅಂತ ನಮ್ಮ ಕಾಕಾ ಹೇಳುತ್ತಿದ್ದಾರೆ.

ವಾರ್ಡ್_ಸೂಪರ್‌ವೈಸರ್:

ಮಾಡಿಸಲಿ, ಬೇಡ ಅನ್ನುವವರು ಯಾರು. ಫರ್ಸಿ ಎತ್ತಿ ಆದ ಮೇಲೆ ಮಾಡಿಸಲಿ.

ಗದಗ_ಬೆಟಗೇರಿ:

ನಮ್ಮ ಸಂಬಂಧಿಕರ ಮನೆಯಲ್ಲೂ ಹೀಗೇ ಆಗಿತ್ತು. ಬೆಂಗಳೂರಿನಿಂದ ಒಂದು ಕಂಪನಿಯವರನ್ನು ಕರೆಸಿದರು, ಹೆಸರು ಬೇಡ. ಬಿಳಿ ಗೌನು ಹಾಕಿಕೊಂಡು ಬಂದರು, ಹೊಗೆ ಬಿಡುವ ಮೆಷಿನ್ ಓಡಿಸಿದರು, ನಿಂಬೆ ವಾಸನೆಯ ಎಂಥದೋ ಸ್ಪ್ರೇ ಹೊಡೆದರು, ಸಂಜೆಗೆ ಬಿಲ್ ಕೊಟ್ಟು ಹೋದರು. ಮೊದಲ ಮಳೆ ಬಿದ್ದು ಗೋಡೆ ತಂಪಾದ ಕೂಡಲೇ ವಾಸನೆ ತಿರುಗಿ ಬಂತು. ಅವರು ಮಂಚದ ಹಿಂದಿನ ಗಾರೆ ಮುಟ್ಟೇ ಇರಲಿಲ್ಲ. ಮೇಲೆ ಬಣ್ಣ ಬಳಿದಿದ್ದರು, ಕಲೆ ಅದನ್ನೂ ದಾಟಿ ಬಂತು. ಕೊನೆಗೆ ಊರಿನ ಗೌಂಡಿಯೇ ಗಾರೆ ಕೆತ್ತಿ ಇಟ್ಟಿಗೆ ಕಾಣುವವರೆಗೂ ತೆಗೆದ.

ಆದ್ದರಿಂದ ಯಾರನ್ನಾದರೂ ಕರೆಸುವ ಮೊದಲು ಇಷ್ಟು ಕೇಳಿ. ನೆನೆದದ್ದನ್ನು ಕಿತ್ತು ತೆಗೆಯುತ್ತೀರಾ, ಮೇಲೆ ಮೇಲೆ ಸ್ಪ್ರೇ ಹೊಡೆಯುತ್ತೀರಾ? ಗಾದಿ ಎಲ್ಲಿಗೆ ಹೋಗುತ್ತದೆ? ನಿಮ್ಮ ಹುಡುಗರಿಗೆ ಹೆಪಟೈಟಿಸ್ ಲಸಿಕೆ ಆಗಿದೆಯಾ? ಜಾಗ ನೋಡದೆ ಫೋನ್‌ನಲ್ಲೇ ರೇಟ್ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಎಷ್ಟು ಆಳಕ್ಕೆ ಇಳಿದಿದೆ ಅನ್ನೋದರ ಮೇಲೆ ಕೆಲಸ ನಿಲ್ಲುತ್ತದೆ, ಖೋಲಿ ಎಷ್ಟು ಚದರಡಿ ಅನ್ನೋದರ ಮೇಲಲ್ಲ. ವಾಸನೆ ತೆಗೆಯೋಕೆ ಓಝೋನ್ ಅನಿಲ ಬಿಡುವ ಮೆಷಿನ್ ತಂದರೆ ಅದು ಓಡುವಾಗ ಒಳಗೆ ಯಾರೂ ಇರಬಾರದು, ನಾಯಿ ಬೆಕ್ಕು ಸಹ.

ಪೌರ_ಮಗ:

ಕ್ವಾರ್ಟರ್ ವಿಷಯ ಓದಿ ಬರೆಯುತ್ತಿದ್ದೇನೆ. ಹೇಳಿದ ಹಿರಿಯರು ಕೆಟ್ಟವರು ಅಂತಲ್ಲ. ನಮ್ಮ ಕಡೆ ಎಲ್ಲರೂ ಹೇಳುವ ಮಾತೇ ಅದು. ಬಾವಿಯಲ್ಲಿ ಬಿದ್ದ ಹೆಣ ಎತ್ತೋದು, ರೈಲು ಹಳಿ ಮೇಲಿನದು ಆರಿಸೋದು, ಇಂಥ ಖೋಲಿ ತೊಳೆಯೋದು, ಎಲ್ಲದಕ್ಕೂ ಒಂದೇ ಓಣಿಯ ಜನರಿಗೆ ಹೇಳಿ ಕಳಿಸುತ್ತಾರೆ. ನಮ್ಮಪ್ಪ ಹೋಗುತ್ತಿದ್ದರು. ಕುಡಿಸುವುದು ಪ್ರೀತಿಗಲ್ಲ, ಕುಡಿಯದಿದ್ದರೆ ಆ ಕೆಲಸಕ್ಕೆ ಕೈ ಹೋಗುವುದಿಲ್ಲ ಅಂತ. ಕುಡಿದವನು ಕೈಗವಸು ಹಾಕಿಕೊಳ್ಳುವುದಿಲ್ಲ, ಗಾಜು ಚುಚ್ಚಿದರೂ ಗೊತ್ತಾಗುವುದಿಲ್ಲ, ಅದೇ ಅಂಗಿಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುತ್ತಾನೆ.

ಅಮೆರಿಕದಲ್ಲಿ ರಕ್ತ ಮುಟ್ಟುವ ಕೆಲಸಗಾರರಿಗೆ ಮಾಲೀಕನೇ ಹೆಪಟೈಟಿಸ್ ಬಿ ಲಸಿಕೆಯನ್ನು ಪುಕ್ಕಟೆ ಕೊಡಬೇಕು, ರಕ್ಷಣಾ ಸಾಮಗ್ರಿಯನ್ನೂ ಕೊಡಬೇಕು ಅಂತ 1991ರಲ್ಲೇ ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ನಿಯಮ ಮಾಡಿದೆ. ಕೊಲೆ, ಆತ್ಮಹತ್ಯೆ ನಡೆದ ಮನೆ ತೊಳೆಯುವುದು ಅಲ್ಲಿ ಬೋರ್ಡ್ ಹಾಕಿಕೊಂಡು ಮಾಡುವ ವೃತ್ತಿ. ಜಪಾನ್‌ನಲ್ಲಿ ನಿಮ್ಮ ಮಾಸ್ತರ ಹಾಗೆ ಒಂಟಿಯಾಗಿ ತೀರಿಕೊಂಡವರ ಮನೆಗಳಿಗೇ ಅಂತ ಪ್ರತ್ಯೇಕ ಕಂಪನಿಗಳಿವೆ. ಇಲ್ಲಿ ಅದೇ ಕೆಲಸ ಮಾಡುವವನಿಗೆ ಹೆಸರೂ ಇಲ್ಲ, ರಸೀದಿಯೂ ಇಲ್ಲ.

ನಮ್ಮವರಿಗೆ ಕೆಲಸ ಕೊಡಬೇಡಿ ಅನ್ನುತ್ತಿಲ್ಲ. ಕೊಡಿ. ಹಗಲು ಹೊತ್ತಿನಲ್ಲಿ, ಕುಡಿಸದೆ, ಲಸಿಕೆ ಆದವರಿಗೆ, ಮೇಲಿನ ಸರ್ ಬರೆದ ಸಾಮಾನೆಲ್ಲ ನೀವೇ ಕೊಡಿಸಿ, ಬೆಂಗಳೂರಿನ ಕಂಪನಿ ಎಷ್ಟು ಕೇಳುತ್ತದೋ ಅದಕ್ಕೆ ಸರಿಹೊಂದುವ ದುಡ್ಡು ಕೊಡಿ. ಕೈಕಾಲು ತೊಳೆಯೋಕೆ ಸೋಪು, ನೀರು ಕೊಡಿ. ಚಹಾ ಕೊಡುವಾಗ ಬೇರೆ ಲೋಟ ಹುಡುಕಬೇಡಿ.

ಹಳೇಹುಬ್ಬಳ್ಳಿ_ಮನೆ:

ಎಲ್ಲರಿಗೂ ಧನ್ಯವಾದ. ಪೌರ_ಮಗ ಅಣ್ಣ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು, ಆ ದಾರಿ ಬಿಟ್ಟಿದ್ದೇವೆ. ಠಾಣೆಗೆ ಅರ್ಜಿ ಕೊಟ್ಟಾಯಿತು, ಸ್ವಚ್ಛ ಮಾಡಿಸಿಕೊಳ್ಳಬಹುದು ಅಂತ ಬರೆದುಕೊಟ್ಟಿದ್ದಾರೆ. ಮಗ ಸಾಮಾನಿನ ಪಟ್ಟಿಗೆ ಸಹಿ ಮಾಡಿದ್ದಾರೆ. ಅವರೇ ತೊಳೆಯುತ್ತೇನೆ ಅಂತ ಹಟ ಹಿಡಿದಿದ್ದಾರೆ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಇನ್ನು ಗಾದಿ ಏನು ಮಾಡಬೇಕು? ಹಿತ್ತಲಲ್ಲಿ ಸುಡಬಹುದಾ?

ಕರಿಕೋಟು_ಧಾರವಾಡ:

ಮಗನಿಗೆ ಬಿಡಬೇಡಿ. ತಂದೆಯ ಗುರುತು ಇರುವ ನೆಲವನ್ನು ಮಗ ಉಜ್ಜಬಾರದು, ಆ ನೆನಪು ಆಮೇಲೆ ಬಹಳ ಕಾಡುತ್ತದೆ. ಕಾಗದಪತ್ರ, ಪುಸ್ತಕ ವಿಂಗಡಿಸುವ ಕೆಲಸ ಕೊಡಿ, ಕೈಗೆ ಏನಾದರೂ ಬೇಕಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ, ವಾಪಸ್ ಹೋದ ಮೇಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು.

ವಾರ್ಡ್_ಸೂಪರ್‌ವೈಸರ್:

ಸುಡಬೇಡಿ. ಫೋಮ್ ಇದ್ದರೆ ಹೊಗೆ ವಿಷ, ಹತ್ತಿಯಾದರೆ ಒಳಗೊಳಗೇ ಹೊಗೆಯಾಡುತ್ತದೆ, ಪೂರ್ತಿ ಸುಡುವುದೇ ಇಲ್ಲ. ದಿನಾ ಬರುವ ಕಸದ ಗಾಡಿಗೂ ಹಾಕಬೇಡಿ, ಅದನ್ನು ಕೈಯಲ್ಲಿ ಬೇರ್ಪಡಿಸುವವರು ಇರುತ್ತಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ರಕ್ತ, ದೇಹದ್ರವ ಅಂಟಿದ ಗಾದಿ, ಹಾಸಿಗೆ ಹಳದಿ ಚೀಲಕ್ಕೆ ಹೋಗುವ ಕಸ. ಆ ನಿಯಮ ಆಸ್ಪತ್ರೆಗಳಿಗೆ ಅಂತ ಮಾಡಿದ್ದು ನಿಜ, ಆದರೆ ನಿಮ್ಮ ಗಾದಿಯೂ ಅದೇ ಜಾತಿಯದು. ಪಾಲಿಕೆಯ ವಲಯ ಕಚೇರಿಗೆ ಹೋಗಿ ಆರೋಗ್ಯ ನಿರೀಕ್ಷಕರಿಗೆ ಠಾಣೆಯ ಪತ್ರ ತೋರಿಸಿ ಕೇಳಿ, ಬೇರೆ ಗಾಡಿ ಗೊತ್ತುಮಾಡಿಸಿ. ಗಾದಿಯನ್ನು ಒಳಗೇ ತುಂಡು ಮಾಡಿ ಎರಡು ಪದರ ದಪ್ಪ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ಬಾಯಿ ಟೇಪ್ ಹಾಕಿ, ಆಮೇಲೆ ಹೊಸ್ತಿಲು ದಾಟಿಸಿ.

ಫರ್ಸಿ: ಕಲೆ ಕಾಣುವ ಕಲ್ಲಷ್ಟೇ ಅಲ್ಲ, ಅದರ ಸುತ್ತಲಿನ ಒಂದು ಸಾಲನ್ನೂ ಎಬ್ಬಿಸಿ. ಕೆಳಗಿನ ಮಣ್ಣು ಬಣ್ಣ ತಿರುಗಿದ್ದರೆ ಬಣ್ಣ ತಿರುಗದ ಮಣ್ಣು ಸಿಗುವವರೆಗೆ ತೆಗೆಯಿರಿ. ಗೋಡೆ ಗಾರೆಯೂ ಹಾಗೇ. ತೊಳೆದ ನೀರು ಬಚ್ಚಲ ಮೋರಿಗೇ ಹೋಗಲಿ, ಸಂಪು ಹಿತ್ತಲಲ್ಲೇ ಇದ್ದರೆ ಅದರ ಮುಚ್ಚಳದ ಸುತ್ತ ಮೊದಲೇ ಕಟ್ಟೆ ಹಾಕಿಕೊಳ್ಳಿ. ನಲ್ಲಿ ನೀರು ಬರುವ ದಿನ ನೋಡಿಕೊಂಡು ಕೆಲಸ ಇಟ್ಟುಕೊಳ್ಳಿ, ಅರ್ಧಕ್ಕೆ ನೀರು ಮುಗಿದರೆ ಬಹಳ ಕಷ್ಟ. ಹೊಸ ಗಚ್ಚು ಹಾಕುವ ಮೊದಲು ಪೂರ್ತಿ ಒಣಗಲಿ. ಒಂದು ರಾತ್ರಿ ಬಾಗಿಲು ಕಿಟಕಿ ಮುಚ್ಚಿಟ್ಟು, ಬೆಳಿಗ್ಗೆ ಹೊರಗಿನವರೊಬ್ಬರನ್ನು ಒಳಗೆ ಕರೆದು ಮೂಸಲು ಹೇಳಿ. ನಿಮ್ಮ ಮೂಗಿಗೆ ಅಷ್ಟೊತ್ತಿಗೆ ರೂಢಿ ಆಗಿರುತ್ತದೆ, ಅದನ್ನು ನಂಬಬೇಡಿ. ವಾಸನೆ ಇದೆ ಅಂದರೆ ಇನ್ನೊಂದು ಸಾಲು ಫರ್ಸಿ ಎಬ್ಬಿಸಬೇಕು.